ಕನ್ನಡ ಪುಸ್ತಕಕ್ಕೆ ಲಿಬ್ರೆ ಆಫೀಸ್ ರೈಟರ್: ಹಲವು ವರ್ಷ ಬಳಸಿದ ಮೇಲೆ

ಸ್ವಂತ ಖರ್ಚಿನಲ್ಲಿ ಪುಸ್ತಕ ತರುವವರು ಭೇಟಿಯಾದಾಗ ಮೊದಲು ಕೇಳುವುದು, "ಡಿಟಿಪಿ ಯಾರ ಹತ್ರ ಮಾಡಿಸಿದ್ರಿ?" ಅಂತ. ಡಿಟಿಪಿ ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಕೆಲಸ. ನಾನು ಅದನ್ನು ಯಾರ ಹತ್ತಿರವೂ ಮಾಡಿಸುವುದಿಲ್ಲ. 2018ರಿಂದ ನನ್ನ ಪುಸ್ತಕಗಳನ್ನೂ ಗೆಳೆಯರ ಕೆಲವು ಪುಸ್ತಕಗಳನ್ನೂ ವರ್ಡ್ ಥರದ ಬರವಣಿಗೆ ತಂತ್ರಾಂಶವಾದ ಲಿಬ್ರೆ ಆಫೀಸ್ ರೈಟರ್‌ನಲ್ಲೇ ಸಿದ್ಧಮಾಡಿದ್ದೇನೆ. ಒಂದೇ ಮೂಲ ಫೈಲು. ಅದರಿಂದಲೇ ಅಚ್ಚಿಗೆ ಪಿಡಿಎಫ್, ಅದರಿಂದಲೇ ಇಬುಕ್. ಇಷ್ಟು ವರ್ಷ ಬಳಸಿದ ಮೇಲೆ ಇದರ ಒಳ್ಳೆಯದು, ಕೆಟ್ಟದ್ದು ಎರಡನ್ನೂ ಹೇಳಬಹುದು ಅನ್ನಿಸಿ ಬರೆಯುತ್ತಿದ್ದೇನೆ.

ಡಿಟಿಪಿ ಅಂಗಡಿಗೆ ಯಾಕೆ ಹೋಗುವುದಿಲ್ಲ? ಅವರ ಕೈಚಳಕದ ಬಗ್ಗೆ ನನಗೆ ಗೌರವ ಇದೆ. ತೊಂದರೆ ಇರುವುದು ಫೈಲಿನಲ್ಲಿ. ನಮ್ಮಲ್ಲಿ ಇವತ್ತಿಗೂ ಎಷ್ಟೋ ಕಡೆ ಪೇಜ್‌ಮೇಕರ್ 7ರಲ್ಲೇ ಪುಟ ಕಟ್ಟುತ್ತಾರೆ. ಅದು 2001ರಲ್ಲಿ ಬಂದ ತಂತ್ರಾಂಶ. ಅದಕ್ಕೆ ಯೂನಿಕೋಡ್ ಕನ್ನಡ, ಅಂದರೆ ಎಲ್ಲಾ ಕಂಪ್ಯೂಟರು, ಫೋನುಗಳಿಗೂ ಅರ್ಥವಾಗುವ ಒಂದೇ ಸಂಕೇತದ ಕನ್ನಡ, ಗೊತ್ತಿಲ್ಲ. ಹಾಗಾಗಿ ನುಡಿ, ಶ್ರೀಲಿಪಿಯ ಹಳೇ ಫಾಂಟ್‌ಗಳಲ್ಲಿ ಟೈಪ್ ಮಾಡುತ್ತಾರೆ. ಕಾಗದದ ಮೇಲೆ ಚೆನ್ನಾಗಿಯೇ ಬರುತ್ತದೆ. ಆದರೆ ಫೈಲಿನ ಒಳಗೆ ಇರುವುದು ಕನ್ನಡ ಅಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ ಕನ್ನಡದ ಚಿತ್ರಗಳು. ಅದನ್ನು ಇಬುಕ್ ಮಾಡಬೇಕು ಅಂದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು, ಆಮೇಲೆ ಇಡೀ ಪುಸ್ತಕದ ಕರಡನ್ನು ಮತ್ತೊಮ್ಮೆ ತಿದ್ದಬೇಕು. ಗೆಳೆಯರೊಬ್ಬರ ಕಾದಂಬರಿಗೆ ಈ ಕೆಲಸ ಮಾಡಿದೆ. ಅರ್ಕಾವತ್ತುಗಳು ಪಕ್ಕದ ಅಕ್ಷರಕ್ಕೆ ಹಾರಿದ್ದವು. ಉದ್ಧರಣ ಚಿಹ್ನೆಗಳು ಬೇರೆ ಏನೋ ಆಗಿದ್ದವು. ಒಮ್ಮೆ ತಿದ್ದಿ ಮುಗಿದ ಪುಸ್ತಕವನ್ನು ಇನ್ನೊಮ್ಮೆ ತಿದ್ದುವುದು ಲೇಖಕರಿಗೆ ನಿಜಕ್ಕೂ ಸಂಕಟದ ಕೆಲಸ. ಮೊದಲೇ ಯೂನಿಕೋಡ್‌ನಲ್ಲಿದ್ದರೆ ಇದು ಯಾವುದೂ ಬೇಡ, ಅಲ್ವಾ?

ರೈಟರ್ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. 2017ರಲ್ಲಿ ಬಂದ 5.3ನೇ ಆವೃತ್ತಿಯಿಂದ ಅಕ್ಷರ ಜೋಡಿಸುವ ಕೆಲಸವನ್ನು ಎಲ್ಲಾ ಕಡೆ ಹಾರ್ಫ್‌ಬಜ್ ಎಂಬ ಒಂದೇ ಎಂಜಿನ್ ಮಾಡುತ್ತದೆ. ಅದರಿಂದ ನಮಗೆ ಆದ ಲಾಭ ದೊಡ್ಡದು. ಫಾಂಟ್ ಒಂದೇ ಇದ್ದರೆ ನನ್ನ ಲ್ಯಾಪ್‌ಟಾಪಿನಲ್ಲಿ ಕಂಡ ಒತ್ತಕ್ಷರವೇ ಗೆಳೆಯರ ಕಂಪ್ಯೂಟರಿನಲ್ಲೂ ಕಾಣುತ್ತದೆ.

ಶುರುವಿನಲ್ಲಿ ಒಂದು ಸೆಟ್ಟಿಂಗ್ ಮಾಡಿಕೊಳ್ಳಬೇಕು. ಟೂಲ್ಸ್, ಆಪ್ಷನ್ಸ್ ಒಳಗೆ ಭಾಷೆಯ ಭಾಗದಲ್ಲಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಎಂದಿರುತ್ತದೆ. ಅಲ್ಲಿ ಕನ್ನಡ ಆರಿಸಿ. ಇನ್ನು ಮುಂದೆ ಪ್ರತಿ ಪ್ಯಾರಾ ಸ್ಟೈಲಿನಲ್ಲೂ (ಫಾಂಟ್, ಅಳತೆ, ಅಂತರಗಳನ್ನು ಒಂದು ಹೆಸರಿಟ್ಟು ಒಟ್ಟಿಗೆ ಉಳಿಸಿಕೊಂಡ ವಿನ್ಯಾಸ) ಇಂಗ್ಲಿಷಿಗೆ ಒಂದು ಫಾಂಟ್, ಕನ್ನಡಕ್ಕೆ ಇನ್ನೊಂದು ಫಾಂಟ್ ಕೊಡಬಹುದು. ಅಳತೆಯೂ ಬೇರೆ ಬೇರೆ ಇಡಬಹುದು. ಕನ್ನಡ 12, ಇಂಗ್ಲಿಷ್ 11 ಇಟ್ಟರೆ ಎರಡೂ ಒಂದೇ ಎತ್ತರದಲ್ಲಿ ಕಾಣುತ್ತವೆ. ಕನ್ನಡದ ನಡುವೆ ಆಗಾಗ ಇಂಗ್ಲಿಷ್ ಹೆಸರು ಬರುವ ಪುಸ್ತಕಕ್ಕೆ ಇದಕ್ಕಿಂತ ಒಳ್ಳೆಯ ಅನುಕೂಲ ನಾನು ಬೇರೆ ಕಡೆ ನೋಡಿಲ್ಲ. ಒಂದು ವಿಷಯ ಮಾತ್ರ ನೆನಪಿರಲಿ. ಅಂಕಿ ಮತ್ತು ವಿರಾಮಚಿಹ್ನೆಗಳು ತಮ್ಮ ಹಿಂದಿನ ಪದದ ಫಾಂಟನ್ನೇ ಹಿಡಿಯುತ್ತವೆ. ಹಾಗಾಗಿ ಕನ್ನಡ ಫಾಂಟ್ ಆರಿಸುವಾಗ ಅದರ ಅಂಕಿಗಳೂ ಚೆನ್ನಾಗಿವೆಯೇ ನೋಡಿಕೊಳ್ಳಿ.

ಫಾಂಟಿನ ಮಾತು ಬಂತು. ಒಳಪುಟಗಳಿಗೆ ನಾನು ಹೆಚ್ಚಾಗಿ ಬಳಸುವುದು ಟಿರೋ ಕನ್ನಡ ಅಥವಾ ನೋಟೊ ಸೆರಿಫ್ ಕನ್ನಡ. ಎರಡೂ ಮುಕ್ತ ಪರವಾನಗಿಯ ಫಾಂಟ್‌ಗಳು. ಅಂದರೆ ಇಬುಕ್ ಒಳಗೆ ಸೇರಿಸಿ ಹಂಚಬಹುದು. ಹಳೇ ವಿಂಡೋಸ್ ಜೊತೆ ಬರುತ್ತಿದ್ದ ತುಂಗಾ ಮೈಕ್ರೋಸಾಫ್ಟಿನದು, ಅದನ್ನು ಹಾಗೆ ಸುಮ್ನೆ ಸೇರಿಸುವಂತಿಲ್ಲ. ಟಿರೋ ಕನ್ನಡದ ಬೇರು ಭಾರತದ ಹಳೆಯ ಕೃತಿಗಳನ್ನು ತರುವ ಮೂರ್ತಿ ಕ್ಲಾಸಿಕಲ್ ಲೈಬ್ರರಿ ಮಾಲೆಯ ಪುಸ್ತಕಗಳಿಗೆ ಮಾಡಿಸಿದ ಅಕ್ಷರಗಳಲ್ಲಿದೆ. ಉದ್ದ ಬರಹ ಓದುವಾಗ ಕಣ್ಣಿಗೆ ಹಿತ. ಅದರಲ್ಲಿ ಸಾದಾ ಮತ್ತು ಓರೆ ಅಕ್ಷರ ಮಾತ್ರ ಇವೆ, ದಪ್ಪಕ್ಷರ ಇಲ್ಲ. ಬೋಲ್ಡ್ ಬಟನ್ ಒತ್ತಿದರೆ ರೈಟರ್ ತಾನೇ ಸುಳ್ಳು ದಪ್ಪ ಮಾಡಿಕೊಡುತ್ತದೆ. ಅಚ್ಚಿನಲ್ಲಿ ಅದು ಮಸಿ ಹರಡಿದಂತೆ ಕಾಣುತ್ತದೆ. ಅಧ್ಯಾಯದ ಹೆಸರಿಗೆ ಅಳತೆ ಹೆಚ್ಚಿಸಿ, ಸುತ್ತ ಜಾಗ ಬಿಡಿ. ದಪ್ಪಕ್ಷರ ಬೇಕೇ ಬೇಕು ಅಂದರೆ ನೋಟೊ ಒಳ್ಳೆಯದು. ನೋಟೊದಲ್ಲಿ ಮೇಲೆ ಕೆಳಗೆ ಖಾಲಿ ಜಾಗ ಜಾಸ್ತಿ, ಸಾಲುಗಳು ತೀರಾ ದೂರ ಕೂರುತ್ತವೆ. ಸಾಲಿನ ಅಂತರವನ್ನು ‘ಫಿಕ್ಸೆಡ್’ ಮಾಡಿ 12ರ ಅಕ್ಷರಕ್ಕೆ 18 ಪಾಯಿಂಟ್ ಕೊಟ್ಟರೆ ಸರಿಹೋಗುತ್ತದೆ. ಅದಕ್ಕಿಂತ ಬಿಗಿ ಮಾಡಬೇಡಿ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಇನ್ನು ಸ್ಟೈಲುಗಳು. ಇದನ್ನು ಬಿಟ್ಟರೆ ರೈಟರ್ ಬಳಸಿ ಪ್ರಯೋಜನ ಇಲ್ಲ. ಎಫ್11 ಒತ್ತಿದರೆ ಸ್ಟೈಲುಗಳ ಪಟ್ಟಿ ತೆರೆಯುತ್ತದೆ. ಅಧ್ಯಾಯದ ಹೆಸರಿಗೆ ‘ಹೆಡಿಂಗ್ 1’, ಮೈಬರಹಕ್ಕೆ ಒಂದು ಸ್ಟೈಲ್, ಅಧ್ಯಾಯದ ಮೊದಲ ಪ್ಯಾರಾಗೆ ಒಂದು, ಪತ್ರ ಅಥವಾ ಪದ್ಯ ಬಂದರೆ ಅದಕ್ಕೊಂದು. ಎಂಟರ್ ಹೊಡೆದು ಜಾಗ ಬಿಡುವುದು, ಸ್ಪೇಸ್ ಒತ್ತಿ ಪ್ಯಾರಾ ಒಳಗೆ ತಳ್ಳುವುದು ಬೇಡವೇ ಬೇಡ. ಕಾಗದದ ಮೇಲೆ ಅದು ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಮೊಬೈಲಿನಲ್ಲಿ ಓದುವವರು ಅಕ್ಷರ ದೊಡ್ಡದು ಮಾಡಿದ ಕೂಡಲೇ ಎಲ್ಲಾ ಚೆಲ್ಲಾಪಿಲ್ಲಿ ಆಗುತ್ತದೆ.

ಪುಟದ ಸ್ಟೈಲುಗಳಲ್ಲಿ ಎಡಪುಟ, ಬಲಪುಟ, ಮೊದಲ ಪುಟ ಎಂದು ಬೇರೆ ಬೇರೆ ಮಾಡಬಹುದು. ನಮ್ಮಲ್ಲಿ ಕಥೆ, ಕಾದಂಬರಿಗೆ ಡೆಮಿ 1/8 ಸಾಮಾನ್ಯ, ಅಂದರೆ ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. ಬೈಂಡಿಂಗ್ ಕಡೆಗೆ ಮುಕ್ಕಾಲು ಇಂಚಿಗಿಂತ ಕಡಿಮೆ ಬಿಡಬೇಡಿ. ಪುಸ್ತಕ ದಪ್ಪ ಇದ್ದರೆ ಇನ್ನೂ ಸ್ವಲ್ಪ ಬಿಡಿ. ಪುಟದ ತಲೆಯಲ್ಲಿ ಅಧ್ಯಾಯದ ಹೆಸರು ತಾನಾಗಿಯೇ ಬರುವಂತೆ ಮಾಡಬಹುದು. ಹೆಸರು ಬದಲಾದರೆ ಎಲ್ಲಾ ಕಡೆ ಬದಲಾಗುತ್ತದೆ. ‘ರಿಜಿಸ್ಟರ್ ಟ್ರೂ’ ಎಂಬ ಇನ್ನೊಂದು ಅನುಕೂಲ ಇದೆ, ಹೊಸ ಆವೃತ್ತಿಗಳಲ್ಲಿ ಹೆಸರು ಸ್ವಲ್ಪ ಬೇರೆ. ಅದನ್ನು ಹಾಕಿದರೆ ಹಾಳೆಯ ಎರಡೂ ಬದಿಯ ಸಾಲುಗಳು ಬೆನ್ನಿಗೆ ಬೆನ್ನು ಕೂರುತ್ತವೆ. 70 ಜಿಎಸ್ಎಂನ ತೆಳು ಕಾಗದದಲ್ಲಿ ಹಿಂಬದಿಯ ಅಕ್ಷರ ಮಬ್ಬಾಗಿ ಕಾಣುತ್ತದಲ್ಲ, ಆ ಕಿರಿಕಿರಿ ಇದರಿಂದ ತುಂಬಾ ಕಡಿಮೆಯಾಗುತ್ತದೆ.

ಅಧ್ಯಾಯಗಳು ಯಾವಾಗಲೂ ಬಲಪುಟದಲ್ಲೇ ಶುರುವಾಗಲಿ ಎಂದು ಇಟ್ಟರೆ ರೈಟರ್ ಬೇಕಾದ ಕಡೆ ಖಾಲಿ ಪುಟ ಸೇರಿಸುತ್ತದೆ. ಆದರೆ ಪಿಡಿಎಫ್ ತೆಗೆಯುವಾಗ ಆ ಖಾಲಿ ಪುಟಗಳೂ ಬರಲಿ ಎಂಬ ಗುರುತನ್ನು ಹಾಕಲೇಬೇಕು. ಹಾಕದಿದ್ದರೆ ಅವು ಬಿಟ್ಟುಹೋಗಿ ಎಡಬಲ ಅದಲುಬದಲಾಗುತ್ತದೆ. ಪ್ರೆಸ್ಸಿನವರು ಫಾರಂ ಲೆಕ್ಕದಲ್ಲಿ, ಅಂದರೆ 16 ಪುಟಗಳ ಕಟ್ಟುಗಳಲ್ಲಿ ಅಚ್ಚು ಹಾಕುತ್ತಾರೆ. ಒಟ್ಟು ಪುಟಗಳು 16ರಿಂದ, ಕೊನೆಗೆ 8ರಿಂದಾದರೂ ಭಾಗವಾಗುವಂತೆ ನೋಡಿಕೊಂಡರೆ ಕಾಗದ ಹಾಳಾಗುವುದಿಲ್ಲ.

ಈಗ ರೈಟರಿನಲ್ಲಿ ನನಗೆ ನಿಜವಾಗಿ ಬೇಸರ ತರಿಸುವ ವಿಷಯಕ್ಕೆ ಬರುತ್ತೇನೆ. ಕನ್ನಡದ ಪದಗಳು ಉದ್ದ. ‘ಹೋಗಬೇಕಾಗಿರುವುದರಿಂದ’ ಅನ್ನುವಂಥ ಪದ ಸಾಲಿನ ಕೊನೆಯಲ್ಲಿ ಹಿಡಿಸದೆ ಕೆಳಗೆ ಇಳಿದರೆ, ಮೇಲಿನ ಸಾಲಿನಲ್ಲಿ ಉಳಿದ ಮೂರು ನಾಲ್ಕು ಪದಗಳು ದೂರ ದೂರ ನಿಲ್ಲುತ್ತವೆ. ಎರಡೂ ಅಂಚು ಸಮ ಮಾಡಿದ ಡೆಮಿ ಪುಟದಲ್ಲಿ ಇದು ಎದ್ದು ಕಾಣುತ್ತದೆ. ಹಳೇ ಮೊಳೆ ಜೋಡಿಸುವವರು ಪದವನ್ನು ಸರಿಯಾದ ಕಡೆ ಮುರಿದು ಅಡ್ಡಗೆರೆ ಹಾಕುತ್ತಿದ್ದರು. ರೈಟರಿನಲ್ಲಿ ಇಂಗ್ಲಿಷಿಗೆ ಇದು ತಾನಾಗಿ ಆಗುತ್ತದೆ. ಕನ್ನಡಕ್ಕೆ ನಾನು ಕೈಯಲ್ಲೇ ಮಾಡುತ್ತೇನೆ. ಗ್ಯಾಪ್ ಜಾಸ್ತಿ ಇರುವ ಸಾಲು ಕಂಡರೆ ಕೆಳಗಿಳಿದ ಪದದ ನಡುವೆ ಕರ್ಸರ್ ಇಟ್ಟು ಕಂಟ್ರೋಲ್ ಮತ್ತು ಮೈನಸ್ ಒತ್ತಿ. ಅಲ್ಲಿ ಒಂದು ಅದೃಶ್ಯ ಅಡ್ಡಗೆರೆ ಸೇರುತ್ತದೆ. ಪದ ಅಲ್ಲಿ ಮುರಿದರೆ ಮಾತ್ರ ಕಾಣುತ್ತದೆ. ‘ಹೋಗಬೇಕಾಗಿ’ ಮೇಲೆ, ‘ರುವುದರಿಂದ’ ಕೆಳಗೆ. ಒಂಟಿ ಅಕ್ಷರ ಕೆಳಗೆ ಬೀಳದಂತೆ ನೋಡಿಕೊಳ್ಳಿ. ಇನ್ನೂರು ಪುಟದ ಪುಸ್ತಕಕ್ಕೆ ಇದು ತಾಳ್ಮೆ ಬೇಡುವ ಕೆಲಸ. ಆದರೆ ಪುಟದ ಅಂದ ಇದರಿಂದಲೇ ಬರುತ್ತದೆ, ನಾನಂತೂ ಇದನ್ನು ಬಿಡುವುದಿಲ್ಲ.

ಈ ಅಡ್ಡಗೆರೆಗಳ ಕಾರಣಕ್ಕೇ ನನ್ನ ಕೆಲಸದ ಕ್ರಮ ತಿರುಗಿಹೋಯಿತು. ಮೊದಲು ಇಬುಕ್, ಆಮೇಲೆ ಅಚ್ಚು. ಅದೃಶ್ಯ ಅಡ್ಡಗೆರೆ ಇರುವ ಪದವನ್ನು ಇಬುಕ್ಕಿನಲ್ಲಿ ಹುಡುಕಿದರೆ ಕೆಲವು ಆ್ಯಪ್‌ಗಳಿಗೆ ಸಿಗುವುದೇ ಇಲ್ಲ. ಹಾಗಾಗಿ ತಿದ್ದಿ ಮುಗಿದ ಶುದ್ಧ ಫೈಲಿನಿಂದ ಮೊದಲು ಇಬುಕ್ ತೆಗೆಯುತ್ತೇನೆ. ನಂತರ ಅದರ ನಕಲು ಮಾಡಿ ಅಚ್ಚಿಗೆ ಬೇಕಾದ ರಿಪೇರಿಗಳನ್ನೆಲ್ಲ ಆ ನಕಲಿನಲ್ಲೇ ಮಾಡುತ್ತೇನೆ. ಅಚ್ಚಿಗೆ ಕೊಡುವ ಮುಂಚೆ ಇಬುಕ್ಕನ್ನು ಫೋನಿನಲ್ಲಿ ಓದುವುದರಿಂದ ಇನ್ನೊಂದು ಲಾಭವೂ ಇದೆ. ಬೇರೆ ಅಳತೆಯಲ್ಲಿ, ಬೇರೆ ಸಾಲುಗಳಲ್ಲಿ ಓದುವಾಗ ಇಷ್ಟು ದಿನ ಕಾಣದ ತಪ್ಪುಗಳು ಕಾಣುತ್ತವೆ.

ಇಬುಕ್ ಅಂದರೆ ಇಲ್ಲಿ ಇಪಬ್ ಎಂಬ ಫೈಲ್ ರೂಪ. 2018ರ ಶುರುವಿನಲ್ಲಿ ಬಂದ 6.0 ಆವೃತ್ತಿಯಿಂದ ರೈಟರ್ ಒಳಗೇ ಇಪಬ್ ತೆಗೆಯುವ ವ್ಯವಸ್ಥೆ ಇದೆ. ಸರಳ ಗದ್ಯಕ್ಕೆ ಸಾಕು. ನನಗೆ ಅದಕ್ಕಿಂತ ಇಷ್ಟವಾದ ದಾರಿ, ಫೈಲನ್ನು ವರ್ಡಿನ ಡಾಕ್ಸ್ ರೂಪದಲ್ಲಿ ಉಳಿಸಿ ಕ್ಯಾಲಿಬರ್ ಎಂಬ ಇನ್ನೊಂದು ಉಚಿತ ತಂತ್ರಾಂಶಕ್ಕೆ ಕೊಡುವುದು. ‘ಹೆಡಿಂಗ್ 1’ ಸರಿಯಾಗಿ ಹಾಕಿದ್ದರೆ ಪರಿವಿಡಿ ತಾನೇ ತಯಾರಾಗುತ್ತದೆ. ಅಡಿಟಿಪ್ಪಣಿಗಳು ಲಿಂಕ್ ಸಮೇತ ಕೊನೆಗೆ ಹೋಗುತ್ತವೆ. ಆಮೇಲೆ ಕ್ಯಾಲಿಬರಿನ ಎಡಿಟರಿನಲ್ಲಿ ತೆರೆದು ಫಾಂಟ್ ಸೇರಿಸುತ್ತೇನೆ. ಪದ್ಯದ ಉದ್ದ ಸಾಲು ಮುರಿದರೆ ಮುಂದಿನ ತುಂಡು ಸ್ವಲ್ಪ ಒಳಗೆ ಕೂರುವಂತೆ ಮಾಡುತ್ತೇನೆ. ಪುಸ್ತಕದ ಭಾಷೆ ಕನ್ನಡ ಎಂದು ನಮೂದಾಗಿದೆಯೇ ನೋಡುತ್ತೇನೆ. ಈ ಕೊನೆಯದನ್ನು ದಯವಿಟ್ಟು ಮರೆಯಬೇಡಿ. ಕಣ್ಣು ಕಾಣದವರು ಫೋನಿನ ದನಿಯಲ್ಲಿ ಪುಸ್ತಕ ಕೇಳುತ್ತಾರೆ. ಭಾಷೆ ತಪ್ಪಾಗಿ ನಮೂದಾಗಿದ್ದರೆ ಫೋನು ಕನ್ನಡವನ್ನು ಇಂಗ್ಲಿಷಿನ ದನಿಯಲ್ಲಿ ಓದಲು ಹೋಗಬಹುದು, ಇಲ್ಲವೇ ಸುಮ್ಮನಾಗಬಹುದು.

ಅಕ್ಷರ ಶುದ್ಧಿಯೂ ಇಲ್ಲಿ ತುಂಬಾ ಮುಖ್ಯ. ಅನುಸ್ವಾರದ (ಂ) ಜಾಗದಲ್ಲಿ ಕನ್ನಡದ ಅಂಕಿ ಸೊನ್ನೆ (೦) ಟೈಪ್ ಮಾಡುವವರು ಬಹಳ ಜನ ಇದ್ದಾರೆ. ಅಚ್ಚಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಇಬುಕ್ಕಿನಲ್ಲಿ ಹುಡುಕಾಟವೂ ಕೆಡುತ್ತದೆ, ದನಿಯೂ ಕೆಡುತ್ತದೆ. ರೈಟರಿನ ‘ಫೈಂಡ್ ಅಂಡ್ ರೀಪ್ಲೇಸ್’ನಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ ಆಯ್ಕೆ ಇದೆ, ಅಂದರೆ ಪದದ ಬದಲು ಅಕ್ಷರಗಳ ಮಾದರಿ ಕೊಟ್ಟು ಹುಡುಕುವುದು. ಕನ್ನಡ ಅಕ್ಷರದ ಪಕ್ಕ ಕೂತ ಸೊನ್ನೆಗಳನ್ನು ಅದು ಒಂದೇ ಸಲಕ್ಕೆ ಹಿಡಿದುಕೊಡುತ್ತದೆ. ‘ಫೇಸ್‌ಬುಕ್’ ಥರದ ಪದಗಳಲ್ಲಿ ಒತ್ತಕ್ಷರ ಆಗದಂತೆ ತಡೆಯುವ ಅದೃಶ್ಯ ಅಕ್ಷರ, ‘ರ‍್ಯಾಂಕ್’ನಲ್ಲಿ ಅರ್ಕಾವತ್ತು ಬರದಂತೆ ತಡೆಯುವ ಅದೃಶ್ಯ ಅಕ್ಷರ, ಇವೆರಡೂ ಕಾಪಿ ಪೇಸ್ಟ್ ಮಾಡುವಾಗ ಕೆಲವೊಮ್ಮೆ ಉದುರಿಹೋಗುತ್ತವೆ. ಇಂಥ ಪದಗಳ ಪಟ್ಟಿ ಒಂದನ್ನು ಇಟ್ಟುಕೊಂಡು ಕೊನೆಗೆ ಹುಡುಕಿ ನೋಡಿ.

ಇಬುಕ್ ಎಲ್ಲಿ ಮಾರುವುದು? 2016ರ ಕೊನೆಯಲ್ಲಿ ಅಮೆಜಾನಿನ ಕಿಂಡಲ್ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳನ್ನು ತಂದಾಗ ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ಆ ನೋವು ನನಗೆ ಇವತ್ತಿಗೂ ಇದೆ. ನಾನು ಗೂಗಲ್ ಪ್ಲೇ ಬುಕ್ಸ್ ಕಡೆ ಹೋದೆ. ಅದು ಇಪಬ್ ತೆಗೆದುಕೊಳ್ಳುತ್ತದೆ, ಕನ್ನಡ ಚೆನ್ನಾಗಿ ಕಾಣುತ್ತದೆ. ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ನಮ್ಮ ದೇಶದಲ್ಲಿ ಉಚಿತ, ರಾಜಾ ರಾಮಮೋಹನ ರಾಯ್ ಏಜೆನ್ಸಿಯ ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. ಅಚ್ಚಿಗೆ ಒಂದು ಸಂಖ್ಯೆ, ಇಬುಕ್ಕಿಗೆ ಬೇರೆ ಸಂಖ್ಯೆ.

ರೈಟರ್ ಯಾವುದಕ್ಕೆ ಬೇಡ? ಮುಖಪುಟಕ್ಕೆ ಬೇಡ. ಇದು ಕೊಡುವುದು ಆರ್‌ಜಿಬಿ (ಪರದೆಯ ಬೆಳಕಿನ) ಬಣ್ಣದ ಪಿಡಿಎಫ್, ಪ್ರೆಸ್ಸಿಗೆ ಬೇಕಾದದ್ದು ಸಿಎಂವೈಕೆ, ಅಂದರೆ ಅಚ್ಚಿನ ನಾಲ್ಕು ಮಸಿಗಳ ಲೆಕ್ಕ. ಒಳಪುಟ ಬರೀ ಕಪ್ಪು ಮಸಿ ಆದ್ದರಿಂದ ಅಲ್ಲಿ ತೊಂದರೆ ಇಲ್ಲ. ಮುಖಪುಟವನ್ನು ನಾನು ಪುಟವಿನ್ಯಾಸದ ತಂತ್ರಾಂಶ ಸ್ಕ್ರೈಬಸ್‌ನಲ್ಲಿ ಮಾಡುತ್ತೇನೆ. 2024ರಲ್ಲಿ ಬಂದ ಅದರ 1.6 ಆವೃತ್ತಿ ಕನ್ನಡ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುತ್ತದೆ. ಬೆನ್ನಿನ ಅಗಲವನ್ನು ಮಾತ್ರ ಪುಟಸಂಖ್ಯೆ ಮತ್ತು ಕಾಗದ ಹೇಳಿ ಪ್ರೆಸ್ಸಿನವರಿಂದಲೇ ಕೇಳಿ ಪಡೆಯಿರಿ. ಚಿತ್ರಗಳು ತುಂಬಿದ ಪುಸ್ತಕಕ್ಕೂ, ಮಕ್ಕಳ ಪುಸ್ತಕಕ್ಕೂ ರೈಟರ್ ಬೇಡ. ಚಿತ್ರಗಳು ಒಂದು ಪುಟದಿಂದ ಇನ್ನೊಂದಕ್ಕೆ ಜಿಗಿಯುತ್ತವೆ, ಫೈಲು ನಿಧಾನವಾಗುತ್ತದೆ. ದಿನಾ ಇದೇ ಕೆಲಸ ಮಾಡುವವರು ಅಡೋಬಿಯ ಪುಟವಿನ್ಯಾಸ ತಂತ್ರಾಂಶ ಇನ್‌ಡಿಸೈನ್ ಬಾಡಿಗೆಗೆ ತೆಗೆದುಕೊಂಡರೆ ತಪ್ಪಿಲ್ಲ. ಅಲ್ಲಿ ಕನ್ನಡಕ್ಕೆ ‘ವರ್ಲ್ಡ್ ರೆಡಿ’ ಕಂಪೋಸರ್ ಆರಿಸಿಕೊಳ್ಳಬೇಕು.

ಕಥೆ, ಕಾದಂಬರಿ, ಪ್ರಬಂಧ, ನಾಟಕ, ಕವಿತೆ ಬರೆಯುವವರಿಗೆ, ವರ್ಷಕ್ಕೋ ಎರಡು ವರ್ಷಕ್ಕೋ ಒಂದು ಪುಸ್ತಕ ತರುವವರಿಗೆ ನಾನು ರೈಟರನ್ನೇ ಹೇಳುತ್ತೇನೆ. ಪುಸ್ತಕ ಮುಗಿದ ದಿನ ಮೂಲದ ಒಡಿಟಿ (ರೈಟರಿನ) ಫೈಲು, ಅಚ್ಚಿನ ನಕಲು, ಬಳಸಿದ ಫಾಂಟುಗಳು, ಪಿಡಿಎಫ್, ಇಪಬ್ ಎಲ್ಲವನ್ನೂ ಒಂದೇ ಫೋಲ್ಡರಿಗೆ ಹಾಕಿ ಎರಡು ಕಡೆ ಇಡಿ. ಫಾಂಟಿನ ಆವೃತ್ತಿ ಬದಲಾದರೆ ಸಾಲುಗಳು ಬದಲಾಗುತ್ತವೆ, ಪುಟಸಂಖ್ಯೆಯೂ ಬದಲಾಗುತ್ತದೆ. ಎರಡನೇ ಮುದ್ರಣಕ್ಕೆ ಒಂದು ಅಕ್ಷರ ತಿದ್ದಲು ಹೋಗಿ ಇಡೀ ಪುಸ್ತಕ ಮತ್ತೆ ಕಟ್ಟುವ ಕೆಲಸ ನಿಮಗೆ ಬರಬಾರದು.