ನಿಕಾರ್ 28 ಎಂಎಂ ಎಫ್/2.8 ಎಐ-ಎಸ್: ಮಿರರ್‌ಲೆಸ್ ಕ್ಯಾಮೆರಾಕ್ಕೆ ಅಗ್ಗದ ಹಳೇ ವೈಡ್ ಲೆನ್ಸ್ ಹುಡುಕುವವರಿಗೆ

ನಿಕಾರ್ ಅಂದರೆ ನಿಕಾನ್ ಕಂಪನಿಯ ಲೆನ್ಸುಗಳ ಹೆಸರು. ಲೆನ್ಸಿನ ಎಂಎಂ ಸಂಖ್ಯೆ (ಫೋಕಲ್ ಲೆಂತ್) ಕಡಿಮೆಯಾದಷ್ಟೂ ನೋಟ ಅಗಲ, ಅಂದರೆ ವೈಡ್. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಿಮ್ಮ ಕ್ಯಾಮೆರಾ ಎಪಿಎಸ್-ಸಿ, ಅಂದರೆ ಹಳೇ ಫಿಲ್ಮ್ ಚೌಕಟ್ಟಿಗಿಂತ ಚಿಕ್ಕ ಸೆನ್ಸರಿನದ್ದಾದರೆ ಈ ಲೆನ್ಸ್ ನಿಮಗಲ್ಲ. ಆ ಸೆನ್ಸರ್ ಮೇಲೆ 28 ಎಂಎಂ ಲೆನ್ಸು 42 ಎಂಎಂನಷ್ಟೇ ನೋಟ ಕೊಡುತ್ತದೆ. ಅದನ್ನು ವೈಡ್ ಅನ್ನಲಾಗದು. ಕ್ಯಾಮೆರಾ ಜೊತೆ ಬರುವ, 16ರಿಂದ ಶುರುವಾಗುವ ಕಿಟ್ ಲೆನ್ಸೇ ಅದಕ್ಕಿಂತ ಎಷ್ಟೋ ಅಗಲ. 0.71 ಪಟ್ಟಿನ ಫೋಕಲ್ ರೆಡ್ಯೂಸರ್ ಅಡಾಪ್ಟರ್ (ಒಳಗೆ ಗಾಜಿದ್ದು ನೋಟ ಅಗಲ ಮಾಡುವ ಜೋಡಣೆ ಉಂಗುರ) ಹಾಕಿದರೆ ಹತ್ತಿರತ್ತಿರ 30 ಎಂಎಂ ನೋಟ ಸಿಗುತ್ತದೆ, ಸರಿ. ಆದರೆ ಒಳ್ಳೆ ರೆಡ್ಯೂಸರ್‌ಗೆ ಲೆನ್ಸಿಗಿಂತ ಜಾಸ್ತಿ ದುಡ್ಡು ಹೋಗಬಹುದು. ಅಗ್ಗದ್ದು ತಗೊಂಡರೆ ಚಿತ್ರದ ಮೂಲೆಗಳು ಕೆಡುತ್ತವೆ. ಹಾಗಾಗಿ ಮುಂದಿನದ್ದೆಲ್ಲ ಫುಲ್ ಫ್ರೇಮ್, ಅಂದರೆ ಹಳೇ ಫಿಲ್ಮ್ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರ್ ಇರುವವರಿಗೆ.

ನನ್ನದು ಸೆಕೆಂಡ್ ಹ್ಯಾಂಡ್ ಸೋನಿ ಎ7 ಮಾರ್ಕ್ 2. ಬಾಡಿಗೇ ಉಳಿತಾಯವೆಲ್ಲ ಹೋಗಿತ್ತು. ಹೊಸ ವೈಡ್ ಲೆನ್ಸುಗಳ ಬೆಲೆ ನೋಡಿ ಸುಮ್ಮನಾದೆ. ನನಗೆ ಬೇಕಿದ್ದದ್ದು ಗುಡಿ, ಸಂತೆ, ಓಣಿ ತೆಗೆಯೋದಕ್ಕೆ ಒಂದು ಲೆನ್ಸ್. ಮದುವೆ ಫೋಟೋ ನನ್ನ ಕೆಲಸವಲ್ಲ, ಆದ್ದರಿಂದ ಆಟೋಫೋಕಸ್ ಇಲ್ಲದಿದ್ದರೂ ನಡೆಯುತ್ತದೆ. ಹಳೇ ಲೆನ್ಸ್ ಕಡೆ ಹೋದದ್ದು ಹೀಗೆ. ಎರಡು-ಮೂರು ಮಳೆಗಾಲ ದಾಟಿದ ಮೇಲೆ ಈಗ ಬರೆಯುತ್ತಿದ್ದೇನೆ.

ಹಳೇ 50 ಎಂಎಂ ಲೆನ್ಸನ್ನು ಕಣ್ಣುಮುಚ್ಚಿ ಕೊಳ್ಳಬಹುದು. ಯಾವ ಕಂಪನಿಯದಾದರೂ ಬಹುಪಾಲು ಚೆನ್ನಾಗಿಯೇ ಇರುತ್ತದೆ. ವೈಡ್ ಹಾಗಲ್ಲ. ಎಸ್‌ಎಲ್‌ಆರ್ ಕ್ಯಾಮೆರಾದೊಳಗೆ ಕನ್ನಡಿ ಮೇಲೆ ಕೆಳಗೆ ಆಡಬೇಕಿತ್ತು. ಅದಕ್ಕೆ ಜಾಗ ಬಿಡಲು ಲೆನ್ಸಿನ ಹಿಂಭಾಗ ಫಿಲ್ಮಿನಿಂದ ದೂರ ಇರಲೇಬೇಕು. ವೈಡ್ ಲೆನ್ಸಿನ ಫೋಕಲ್ ಲೆಂತ್ ಆ ದೂರಕ್ಕಿಂತ ಕಡಿಮೆ. ಈ ತೊಡಕಿಗೆ ಫ್ರಾನ್ಸಿನ ಆಂಜೆನಿಯೊ ಕಂಪನಿ 1950ರಲ್ಲಿ ರೆಟ್ರೋಫೋಕಸ್ ಅನ್ನುವ 35 ಎಂಎಂ ಲೆನ್ಸ್ ತಂದು ದಾರಿ ತೋರಿಸಿತು. ಆಮೇಲೆ ಎಲ್ಲರೂ ಅದೇ ದಾರಿ ಹಿಡಿದರು. ಆದರೆ ಅದಕ್ಕೆ ಗಾಜು ಜಾಸ್ತಿ ಬೇಕು, ಲೆಕ್ಕಾಚಾರ ಕಷ್ಟ. ಮೂಲೆಗಳು ಮಸುಕಾಗುವುದು, ನೇರ ಗೆರೆ ಡೊಂಕಾಗುವುದು, ಬಿಸಿಲಿಗೆ ಮಂಕಾಗುವುದು ಹಳೇ ವೈಡ್‌ಗಳಲ್ಲೇ ಹೆಚ್ಚು.

ಹಾಗಂತ ಕನ್ನಡಿಯ ಗೊಡವೆಯೇ ಇಲ್ಲದ ರೇಂಜ್‌ಫೈಂಡರ್ ಅನ್ನುವ ಬೇರೆ ಬಗೆಯ ಕ್ಯಾಮೆರಾಗಳ ವೈಡ್‌ಗಳನ್ನು ಕೊಳ್ಳೋಣ ಅಂದರೆ, ಅಲ್ಲಿ ಬೇರೆ ತಕರಾರು. ರಷ್ಯಾದ ಜುಪಿಟರ್-12 ಅಗ್ಗಕ್ಕೆ ಸಿಗುತ್ತದೆ, ನೋಡೋಕೂ ಮುದ್ದಾಗಿದೆ. ಅದರ ಹಿಂದಿನ ಗಾಜು ಸೆನ್ಸರಿನ ಹತ್ತಿರ ಹೋಗಿ ಕೂರುತ್ತದೆ. ಬೆಳಕು ತುಂಬ ಓರೆಯಾಗಿ ಬೀಳುತ್ತದೆ. ಫಿಲ್ಮಿಗೆ ಅದು ನಡೆಯುತ್ತಿತ್ತು. ಡಿಜಿಟಲ್ ಸೆನ್ಸರಿನ ಮೇಲೆ ಗಾಜಿನ ಹೊದಿಕೆ ಇರುತ್ತದಲ್ಲ, ಅಲ್ಲಿ ಅಂಚುಗಳು ಕಲಸಿಹೋಗುತ್ತವೆ, ಬಣ್ಣವೂ ತಿರುಗುತ್ತದೆ. ನನ್ನ ಮಟ್ಟಿಗೆ, ಮಿರರ್‌ಲೆಸ್‌ಗೆ ಹಳೇ ವೈಡ್ ಅಂದರೆ ಎಸ್‌ಎಲ್‌ಆರ್ ವೈಡೇ.

ಅದರಲ್ಲಿ ಎಷ್ಟು ಅಗಲ? 20 ಎಂಎಂ ಆಸೆ ನನಗೂ ಇತ್ತು. ಜೈಸ್ ಯೇನಾ ಫ್ಲೆಕ್ಟೋಗಾನ್ 20ರ ಹೆಸರು ದೊಡ್ಡದು, ಬೆಲೆಯೂ ದೊಡ್ಡದು. ಆ ದುಡ್ಡಿಗೆ ಚೀನಾದ ವಿಲ್ಟ್ರಾಕ್ಸ್ 20 ಎಂಎಂ ಎಫ್/2.8 ಹೊಸದನ್ನೇ, ಅದೂ ಆಟೋಫೋಕಸ್ ಸಮೇತ ತರುವುದು ಜಾಣತನ. 24 ಎಂಎಂನಲ್ಲಿ ಮಿನೋಲ್ಟಾ ಎಂಡಿ, ಕ್ಯಾನನ್ ಎಫ್‌ಡಿ, ಒಲಿಂಪಸ್ ಜುಯಿಕೋ ಮೂರೂ ಒಳ್ಳೆಯವು, ಆದರೆ ನಮ್ಮ ಕಡೆ ಕಣ್ಣಿಗೆ ಬೀಳುವುದೇ ಅಪರೂಪ. ರಷ್ಯಾದ ಮಿರ್-1, 1958ರ ಬ್ರಸೆಲ್ಸ್ ಮೇಳದಲ್ಲಿ ಬಹುಮಾನ ಗೆದ್ದದ್ದು. ಲೆನ್ಸಿನ ಮೇಲೇ ಹಾಗಂತ ಕೆತ್ತಿರುತ್ತಾರೆ. ಕೆಲವರು ಆ ಅಕ್ಷರ ನೋಡಿಯೇ ಕೊಳ್ಳುತ್ತಾರೆ! ಅದು 37 ಎಂಎಂ. ಗುಡಿಯ ಮುಂದೆ ನಿಂತರೆ ಅರ್ಧ ಗುಡಿ ಹೊರಗೆ ಉಳಿಯುತ್ತದೆ.

28 ಎಂಎಂಗೆ ಯಾರೂ ಮರುಳಾಗುವುದಿಲ್ಲ. ಮೊಬೈಲಿನ ಮುಖ್ಯ ಕ್ಯಾಮೆರಾದ ನೋಟವೂ ಹೆಚ್ಚುಕಡಿಮೆ ಅಷ್ಟೇ ಅಲ್ವಾ? ಅದಕ್ಕೇ ಬೆಲೆ ಏರಿಲ್ಲ. ಎಪ್ಪತ್ತು-ಎಂಬತ್ತರ ದಶಕದಲ್ಲಿ ಎಲ್ಲ ಕಂಪನಿಗಳೂ ರಾಶಿ ರಾಶಿ ಮಾಡಿದ್ದಾರೆ, ಕೆಲವನ್ನು ಚೆನ್ನಾಗಿಯೇ ಮಾಡಿದ್ದಾರೆ. ಕಡಿಮೆ ದುಡ್ಡಿಗೆ ನಿಜಕ್ಕೂ ಒಳ್ಳೆ ಹಳೇ ವೈಡ್ ಬೇಕಾದರೆ 28ರಲ್ಲೇ ಹುಡುಕಬೇಕು ಅನ್ನುವುದು ನನ್ನ ಅಭಿಪ್ರಾಯ.

ಹುಬ್ಬಳ್ಳಿಯಲ್ಲಿ ನಿಕಾನ್ ಸಿಗುವುದು ಸುಲಭ. ಹಳೇ ಸ್ಟುಡಿಯೋಗಳ ಕಪಾಟಿನಲ್ಲಿ ಇನ್ನೂ ಇವೆ. ನನಗೆ ಕೊಟ್ಟ ಹಿರಿಯರು ನಕ್ಕುಬಿಟ್ಟರು. "ಈಗ ಎಲ್ಲಾರೂ ಝೂಮ್ ಕೇಳ್ತಾರ್ರೀ ಸರ, ಇದನ್ನ ಯಾರ ಒಯ್ತಾರ? ನೀವರ ಒಯ್ರಿ" ಅಂದರು. ಹತ್ತು ಸಾವಿರದೊಳಗೆ ಮುಗಿಯಿತು. ಹೊರದೇಶದಿಂದ ತರಿಸಿದರೆ ಕಸ್ಟಮ್ಸ್, ಕೊರಿಯರ್ ಸೇರಿ ಅಗ್ಗ ಅನ್ನುವ ಮಾತೇ ಉಳಿಯುವುದಿಲ್ಲ. ಅದೂ ಅಲ್ಲದೆ ಕೈಯಲ್ಲಿ ಹಿಡಿದು ನೋಡಲಾಗುವುದಿಲ್ಲ.

ನಿಕಾನಿನ 28 ಎಫ್/2.8 ಅಂದರೆ ಒಂದೇ ಲೆನ್ಸ್ ಅಲ್ಲ ಅನ್ನುವುದು ಗೊತ್ತಿರಲಿ. ಸೀರೀಸ್ ಇ ಇದೆ, ಅದರಲ್ಲಿ ಐದೇ ಗಾಜು, ಹಗುರ, ಅಗ್ಗ. ಎಐ ಇದೆ, ಏಳು ಗಾಜು, 0.3 ಮೀಟರ್‌ವರೆಗೆ ಫೋಕಸ್. ಎಐ-ಎಸ್‌ನಲ್ಲಿ ಎಂಟು ಗಾಜು, 0.2 ಮೀಟರ್‌ವರೆಗೆ ಫೋಕಸ್. ಹತ್ತಿರದ್ದನ್ನು ತೆಗೆಯುವಾಗ ಒಳಗಿನ ಗಾಜುಗಳು ಬೇರೆ ಬೇರೆ ಅಳತೆಯಲ್ಲಿ ಸರಿಯುತ್ತವೆ, ಅದಕ್ಕೆ ನಿಕಾನ್ ಸಿಆರ್‌ಸಿ ಅನ್ನುತ್ತದೆ. ಗುರುತು ಹಿಡಿಯುವುದು ಸುಲಭ: ಫೋಕಸ್ ರಿಂಗ್ ಮೇಲೆ 0.2 ಇದೆಯಾ ನೋಡಿ, ಅಪರ್ಚರ್ ರಿಂಗಿನ 22 ಕಿತ್ತಳೆ ಬಣ್ಣದಲ್ಲಿ ಇದೆಯಾ ನೋಡಿ. ಎರಡೂ ಇದ್ದರೆ ಎಐ-ಎಸ್.

ಕೊಳ್ಳುವಾಗ ಮೊಬೈಲ್ ಟಾರ್ಚನ್ನು ಹಿಂದಿನಿಂದ ಬಿಟ್ಟು ಮುಂದಿನಿಂದ ನೋಡಬೇಕು. ನಾಲ್ಕು ಧೂಳಿನ ಕಣ ಇದ್ದರೆ ಚಿಂತೆ ಬೇಡ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್, ಬಿಟ್ಟುಬಿಡಿ. ಸ್ಕ್ರೂಗಳ ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ ಅಂತ ಅರ್ಥ.

ಇನ್ನು ಅಡಾಪ್ಟರ್, ಅಂದರೆ ನಿಕಾನ್ ಲೆನ್ಸನ್ನು ಸೋನಿ ಬಾಡಿಗೆ ಜೋಡಿಸುವ ಉಂಗುರ. ಸಾಮಾನ್ಯವಾಗಿ ಇದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, "ಸುಮ್ನೆ ಒಂದು ಉಂಗುರ ತಾನೇ" ಅನ್ನುತ್ತಾರೆ. ನಿಕಾನ್ ಎಫ್ ಮೌಂಟಿನಿಂದ (ಬಾಡಿಯಲ್ಲಿ ಲೆನ್ಸ್ ಕೂರುವ ಜಾಗ) ಫಿಲ್ಮಿಗೆ 46.5 ಮಿ.ಮೀ. ದೂರ. ಸೋನಿ ಇ ಮೌಂಟಿನಲ್ಲಿ ಅದು 18. ನಡುವಿನ 28.5 ಮಿ.ಮೀ. ತುಂಬುವುದೇ ಅಡಾಪ್ಟರಿನ ಕೆಲಸ. ಅಗ್ಗದ ಅಡಾಪ್ಟರುಗಳು ಬೇಕಂತಲೇ ಒಂದಿಷ್ಟು ಗಿಡ್ಡ ಇರುತ್ತವೆ. ಉದ್ದವಾದರೆ ದೂರದ್ದು ಫೋಕಸ್ ಆಗುವುದೇ ಇಲ್ಲ, ಗಿರಾಕಿ ವಾಪಸ್ ಬರುತ್ತಾನೆ. ಗಿಡ್ಡವಾದರೆ ಇನ್ಫಿನಿಟಿ (ಅತಿ ದೂರದ) ಗುರುತಿಗೆ ಮೊದಲೇ ದೂರದ್ದು ಫೋಕಸ್ ಆಗುತ್ತದೆ, ಯಾರೂ ಗಮನಿಸುವುದಿಲ್ಲ.

50 ಎಂಎಂನಲ್ಲಿ ಇದು ನಡೆದೀತು, 28ರಲ್ಲಿ ನಡೆಯುವುದಿಲ್ಲ. ಲೆಕ್ಕ ನೋಡಿ. 3.3 ಮೀಟರ್ ದೂರಕ್ಕೆ ಫೋಕಸ್ ಮಾಡಲು 50 ಎಂಎಂ ಲೆನ್ಸು ಸುಮಾರು 0.77 ಮಿ.ಮೀ. ಮುಂದೆ ಬರಬೇಕು. 28 ಎಂಎಂ ಬರೀ 0.24 ಮಿ.ಮೀ. ಅಡಾಪ್ಟರ್ 0.1 ಮಿ.ಮೀ. ಗಿಡ್ಡ ಇದ್ದರೆ 28ರಲ್ಲಿ ಹೆಚ್ಚುಕಡಿಮೆ ಅರ್ಧ ಚಲನೆಯೇ ಹೋಯಿತು. ರಿಂಗ್ 3.3 ಮೀಟರ್ ತೋರಿಸುತ್ತದೆ, ನಿಜವಾದ ಫೋಕಸ್ ಐದೂವರೆ ಮೀಟರ್ ಹತ್ತಿರ ಇರುತ್ತದೆ.

ಇದು ಯಾಕೆ ಮುಖ್ಯ ಅಂದರೆ, ಹುಬ್ಬಳ್ಳಿಯ ದುರ್ಗದಬೈಲ್‌ನಂಥ ಗದ್ದಲದ ಕಡೆ ನಾನು ಪರದೆ ನೋಡಿ ಫೋಕಸ್ ಮಾಡುವುದೇ ಇಲ್ಲ. ಎಫ್ ಸಂಖ್ಯೆ ಏರಿದಷ್ಟೂ ಬೆಳಕಿನ ಕಿಂಡಿ ಕಿರಿದಾಗಿ, ಸ್ಪಷ್ಟ ಕಾಣುವ ಆಳ ಹೆಚ್ಚುತ್ತದೆ. ಎಫ್/8 ಇಟ್ಟು ರಿಂಗನ್ನು 3.3 ಮೀಟರ್ ಅಂದಾಜಿಗೆ ಬಿಟ್ಟರೆ ಒಂದೂ ಮುಕ್ಕಾಲು ಮೀಟರಿನಿಂದ ಆಚೆ ಎಲ್ಲ ಸ್ಪಷ್ಟ ಇರಬೇಕು. ಸೋಡಾ ಗಾಡಿಯವನು, ಬಳೆ ಅಂಗಡಿ, ಹಿಂದಿನ ಮಂದಿ, ಎಲ್ಲ ಬರಬೇಕು. ಮೊದಲ ಅಡಾಪ್ಟರಿನಲ್ಲಿ ಹಿಂದಿನ ಅಂಗಡಿ ಬೋರ್ಡುಗಳೇ ಚೂಪಾಗಿ ಬಂದು, ಎದುರಿನ ಮುಖ ಮಸುಕಾಗುತ್ತಿತ್ತು. ಲೆನ್ಸೂ ಅದರಲ್ಲಿ ಅಲ್ಲಾಡುತ್ತಿತ್ತು. ಅದನ್ನು ತೆಗೆದಿಟ್ಟು ಇನ್ನೊಂದು ತಗೊಂಡೆ. ಅದು ಬಿಗಿ ಇತ್ತು, ಕೂದಲೆಳೆಯಷ್ಟು ಗಿಡ್ಡ ಇತ್ತು. ಮುಂದಿನ ಉಂಗುರದ ಸ್ಕ್ರೂ ಬಿಚ್ಚಿ, ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಕತ್ತರಿಸಿ ಪದರ ಪದರವಾಗಿ ಕೊಟ್ಟೆ. ಒಂದು ಪದರ 0.02 ಮಿ.ಮೀ.ಗಿಂತ ತೆಳು. ಇನ್ಫಿನಿಟಿ ಗುರುತಿಗೆ ದೂರದ ಟವರ್ ಸರಿಯಾಗಿ ಕೂರುವವರೆಗೆ ಕೊಡುತ್ತಾ ಹೋಗಬೇಕು. ತಾಳ್ಮೆ ಬೇಕು ಅಷ್ಟೇ.

ಮೂಲೆಗಳ ಪರೀಕ್ಷೆಯನ್ನೂ ಅವತ್ತೇ ಮಾಡಿಬಿಡಿ. ಹುಬ್ಬಳ್ಳಿಯ ನೃಪತುಂಗ ಬೆಟ್ಟ ಹತ್ತಿ, ದೂರದ ಒಂದೇ ನೀರಿನ ಟ್ಯಾಂಕನ್ನು ಚಿತ್ರದ ನಾಲ್ಕೂ ಮೂಲೆಗೆ ಒಂದೊಂದು ಸಲ ತಂದು ಎಫ್/4ರಲ್ಲಿ ತೆಗೆಯಿರಿ. ಒಂದೇ ಕಡೆ ಮಸುಕಾದರೆ ಅಡಾಪ್ಟರ್ ಓರೆ ಇದೆ, ಇಲ್ಲ ಲೆನ್ಸಿಗೆ ಪೆಟ್ಟು ಬಿದ್ದಿದೆ. ನಾಲ್ಕೂ ಕಡೆ ಸಮನಾಗಿ ಮಸುಕಾದರೆ ಅದು ಲೆನ್ಸಿನ ಸ್ವಭಾವ.

ನನ್ನದರ ಸ್ವಭಾವ ಹೀಗೆ: ಎಫ್/2.8ರಲ್ಲಿ ನಡುಭಾಗ ಚೂಪು, ಮೂಲೆ ಮೆತ್ತಗೆ, ಅಂಚು ಕಪ್ಪು. ಎಫ್/5.6ಕ್ಕೆ ಮೂಲೆ ಎದ್ದು ಬರುತ್ತದೆ, ಎಫ್/8ರಲ್ಲಿ 24 ಮೆಗಾಪಿಕ್ಸೆಲ್‌ಗೆ ದೂರು ಹೇಳುವಂಥದ್ದೇನೂ ಇಲ್ಲ. ರಾತ್ರಿ ಕಪ್ಪತಗುಡ್ಡದ ಕಡೆ ನಕ್ಷತ್ರ ತೆಗೆಯುವ ಯೋಚನೆ ಇದ್ದರೆ ಬೇಡ. ಎಫ್/2.8ರಲ್ಲಿ ಮೂಲೆಯ ಚುಕ್ಕಿಗಳಿಗೆ ರೆಕ್ಕೆ ಬರುತ್ತದೆ. ಸೂರ್ಯ ಫ್ರೇಮಿನೊಳಗೆ ಇದ್ದರೆ ಬಣ್ಣದ ಬಿಲ್ಲೆಗಳು ಸಾಲಾಗಿ ನಿಲ್ಲುತ್ತವೆ.

ಲಕ್ಕುಂಡಿಯಲ್ಲಿ ಇದು ಕೊಟ್ಟ ದುಡ್ಡು ವಸೂಲಿ ಮಾಡಿತು. ಕಾಶಿವಿಶ್ವೇಶ್ವರದಲ್ಲಿ ಶಿವನ ಗುಡಿ, ಸೂರ್ಯನ ಗುಡಿ ಎದುರುಬದುರು. ಪಕ್ಕಕ್ಕೆ ಸರಿದು ನಿಂತರೆ ಎರಡೂ ಒಂದೇ ಚಿತ್ರದಲ್ಲಿ ಬರುತ್ತವೆ. ಕ್ಯಾಮೆರಾ ಮೇಲಕ್ಕೆತ್ತದೆ ಮಟ್ಟವಾಗಿ ಹಿಡಿದರೆ ಕಂಬಗಳು ಒಳಕ್ಕೆ ವಾಲುವುದಿಲ್ಲ. ಮುಂದೆ ಕಾಣುವ ಬರೀ ಹುಲ್ಲನ್ನು ಆಮೇಲೆ ಕತ್ತರಿಸಿದರಾಯಿತು. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯದ ಒಳಗೆ ಕತ್ತಲೆ. ಪುರಾತತ್ವ ಇಲಾಖೆಯ ಜಾಗಗಳಲ್ಲಿ ಅನುಮತಿ ಇಲ್ಲದೆ ಟ್ರೈಪಾಡ್ ನಿಲ್ಲಿಸುವಂತಿಲ್ಲ. ಇಲ್ಲಿ ಬಾಡಿಯೊಳಗಿನ ಸ್ಟೆಬಿಲೈಸೇಶನ್ (ಕೈ ನಡುಕ ಸರಿದೂಗಿಸುವ ವ್ಯವಸ್ಥೆ, ಸೋನಿ ಅದನ್ನು ಸ್ಟೆಡಿಶಾಟ್ ಅನ್ನುತ್ತದೆ) ಕೈ ಹಿಡಿಯುತ್ತದೆ. ಲೆನ್ಸು ತಾನು ಯಾರು ಅಂತ ಕ್ಯಾಮೆರಾಕ್ಕೆ ಹೇಳುವುದಿಲ್ಲ, ಅದಕ್ಕೆ ಮೆನುವಿನ ಸ್ಟೆಡಿಶಾಟ್‌ನಲ್ಲಿ 28 ಅಂತ ನೀವೇ ತುಂಬಬೇಕು. ಲೆನ್ಸ್ ಇಲ್ಲದೆಯೂ ಶಟರ್ ಬೀಳುವಂತೆ ಮಾಡುವ ಸೆಟ್ಟಿಂಗನ್ನೂ ಆನ್ ಮಾಡಬೇಕು, ಇಲ್ಲದಿದ್ದರೆ ಕ್ಯಾಮೆರಾ ಫೋಟೋ ತೆಗೆಯಲು ಒಪ್ಪುವುದಿಲ್ಲ. ಕಂಬಕ್ಕೆ ಒರಗಿ ನಿಂತರೆ 1/8 ಸೆಕೆಂಡಿನಲ್ಲೂ ಕೆತ್ತನೆ ಚೂಪಾಗಿ ಬಂದಿದೆ.

ಫೋಕಸ್ ಆದ ಅಂಚುಗಳನ್ನು ಪರದೆಯಲ್ಲಿ ಬಣ್ಣದಿಂದ ತೋರಿಸುವ ಫೋಕಸ್ ಪೀಕಿಂಗ್ ನಂಬಬೇಡಿ. ವೈಡ್‌ನಲ್ಲಿ ಅರ್ಧ ಪರದೆಯೇ ಕೆಂಪಾಗಿ ಮಿನುಗುತ್ತದೆ, ಯಾವುದು ನಿಜ ಗೊತ್ತಾಗುವುದಿಲ್ಲ. ಚಿತ್ರ ಹಿಗ್ಗಿಸುವ ಬಟನ್ ಒತ್ತಿ ನೋಡುವುದೇ ಸರಿ.

0.2 ಮೀಟರಿನ ಗುಣ ತಿಳಿದದ್ದು ಬ್ಯಾಡಗಿ ಮಾರುಕಟ್ಟೆಯಲ್ಲಿ. ಮುಂದೆ ಒಂದು ಹಿಡಿ ಕಡ್ಡಿ ಮೆಣಸಿನಕಾಯಿ, ಅದರ ಸುಕ್ಕು ಸುಕ್ಕೂ ಕಾಣುವಷ್ಟು ಹತ್ತಿರ. ಹಿಂದೆ ಕಣ್ಣು ಹಾಯುವವರೆಗೆ ಕೆಂಪು, ಚೀಲ ಹೊಲಿಯುವ ಹೆಂಗಸರು. ಇಂಥ ಚಿತ್ರ ಮೊಬೈಲಿನಲ್ಲಿ ಹೀಗೆ ಬರುವುದಿಲ್ಲ. ಆದರೆ ಅಷ್ಟು ಹತ್ತಿರ ಹೋದರೆ ಘಾಟು ಮೂಗಿಗೆ ಹೊಡೆಯುತ್ತದೆ, ಸೀನು ನಿಲ್ಲುವುದಿಲ್ಲ. ಅಲ್ಲಿ ಲೆನ್ಸ್ ಬದಲಿಸುವ ಸಾಹಸ ಬೇಡ, ಮಿರರ್‌ಲೆಸ್‌ನ ಸೆನ್ಸರ್ ಬಯಲಲ್ಲೇ ಇರುತ್ತದೆ. ಈ ಲೆನ್ಸಿಗೂ ಧೂಳು ತಡೆಯುವ ಸೀಲ್ ಇಲ್ಲ.

ಧಾರವಾಡದ ಮಳೆಗಾಲ ಹಳೇ ಗಾಜಿಗೆ ಶತ್ರು. ಗೋಡೆಯೇ ಬೆವರುವ ಮನೆಯಲ್ಲಿ ಚರ್ಮದ ಕೇಸಿನೊಳಗೆ ಇಟ್ಟರೆ ಫಂಗಸ್‌ಗೆ ತಾನೇ ಜಾಗ ಕೊಟ್ಟ ಹಾಗೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಬಣ್ಣ ಬದಲಿಸುವ ಸಿಲಿಕಾ ಜೆಲ್, ಒಳಗೆ ಚಿಕ್ಕ ತೇವಮಾಪಕ. ಶೇಕಡಾ 40ರಿಂದ 50ರ ನಡುವೆ ಇದ್ದರೆ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೆಲ್ ಬೇಗ ಬಣ್ಣ ಕಳಕೊಳ್ಳುತ್ತದೆ, ಬಿಸಿ ಮಾಡಿ ಮತ್ತೆ ಹಾಕುತ್ತೇನೆ. ಇಲ್ಲಿಯವರೆಗೆ ಗಾಜು ಸ್ವಚ್ಛ ಇದೆ. ಫೋಕಸ್ ರಿಂಗ್ ಮಾತ್ರ ಚಳಿಗಾಲದ ಬೆಳಿಗ್ಗೆ ತುಸು ಬಿಗಿ, ಗ್ರೀಸ್ ಹಳತಾಗಿದೆ.

ನಿಕಾನಿನ ಫೋಕಸ್ ರಿಂಗ್ ಕ್ಯಾನನ್, ಮಿನೋಲ್ಟಾಗಳಿಗೆ ಉಲ್ಟಾ ತಿರುಗುತ್ತದೆ. ನಿಮ್ಮ ಹತ್ತಿರ ಅವುಗಳ ಹಳೇ 50 ಇದ್ದರೆ, ಕೈಗೆ ಗೊಂದಲ ಬೇಡ ಅಂದರೆ ಆಯಾ ಕಂಪನಿಯದ್ದೇ 28 ಹುಡುಕಿ. ಇದಕ್ಕೆ 52 ಎಂಎಂ ಫಿಲ್ಟರ್ ಆಗುತ್ತದೆ, ಎಲ್ಲ ಕಡೆ ಸಿಗುತ್ತದೆ. ಬಿಸಿಲು ತಡೆಯುವ ಹುಡ್ ಬೇಕಾದರೆ ತಿರುಪಿ ಹಾಕುವ ಎಚ್‌ಎನ್-2 ತಗೊಳ್ಳಿ. 50 ಎಂಎಂಗೆ ಮಾಡಿದ ಉದ್ದನೆಯದನ್ನು ಹಾಕಿದರೆ ಮೂಲೆ ನಾಲ್ಕೂ ಕಪ್ಪಾಗುತ್ತವೆ.