ಐದು ನಕ್ಷತ್ರ ನೋಡಿ ಅಮ್ಮನನ್ನು ಸೇರಿಸಿದೆ, ನೀವು ಹಾಗೆ ಮಾಡಬೇಡಿ

ಅಮೆರಿಕದಲ್ಲಿ ತಂದೆ ತಾಯಿಯನ್ನು ಜೊತೆಗಿಟ್ಟುಕೊಂಡಿರುವವರು ಓದಲಿ ಎಂದು ಬರೆಯುತ್ತಿದ್ದೇನೆ. ಸರ್ಕಾರದ ಜಾಲತಾಣದಲ್ಲಿ ಐದು ನಕ್ಷತ್ರ ಇದೆ ಎಂದ ಮಾತ್ರಕ್ಕೆ ಯಾವ ನರ್ಸಿಂಗ್ ಹೋಮ್‌ಗೂ ಸಹಿ ಹಾಕಬೇಡಿ. ನಾನು ಹಾಕಿದೆ. ನನ್ನದು ಲೆಕ್ಕಪರಿಶೋಧನೆಯ ಕೆಲಸ. ಇನ್ನೊಬ್ಬರ ಕಡತದಲ್ಲಿ ಒಂದು ದಿನಾಂಕ ಹಿಂದುಮುಂದಾಗಿದ್ದರೆ ಬೆರಳಿಟ್ಟು ತೋರಿಸುವವಳು, ಹೆತ್ತ ತಾಯಿಯ ವಿಷಯದಲ್ಲಿ ಮೂರು ನಿಮಿಷ ಮೊಬೈಲ್ ನೋಡಿ ತೀರ್ಮಾನ ಮಾಡಿದೆ.

ನಮ್ಮ ಕಡೆ ನರ್ಸಿಂಗ್ ಹೋಮ್ ಎಂದರೆ ಹೆರಿಗೆಗೋ ಅಪೆಂಡಿಕ್ಸ್‌ಗೋ ಸೇರಿಸುವ ಚಿಕ್ಕ ಖಾಸಗಿ ಆಸ್ಪತ್ರೆ. ಇಲ್ಲಿ ಹಾಗಲ್ಲ. ಎದ್ದು ಓಡಾಡಲಾಗದವರನ್ನು ವರ್ಷಗಟ್ಟಲೆ ನೋಡಿಕೊಳ್ಳುವ ಜಾಗ ಅದು. ಆಪರೇಷನ್ ಆದವರು ಕೆಲವು ವಾರ ಫಿಸಿಯೋಥೆರಪಿಗೆಂದು ಹೋಗುವುದೂ ಅಲ್ಲಿಗೇ. ವೈದ್ಯರು ದಿನವೂ ಬರುವುದಿಲ್ಲ. ಮೊದಲ ಮೂರು ತಿಂಗಳು 30 ದಿನಕ್ಕೊಮ್ಮೆ ನೋಡಿದರೆ ಕಾನೂನಿಗೆ ಸಾಕು. ನೋಂದಾಯಿತ ನರ್ಸ್ ದಿನಕ್ಕೆ 8 ಗಂಟೆ ಇದ್ದರೆ ಸಾಕು, ಉಳಿದ ಹೊತ್ತು ಅವರಿಗಿಂತ ಕಡಿಮೆ ತರಬೇತಿಯ ನರ್ಸ್. ಎತ್ತುವುದು, ಒರೆಸುವುದು, ಮಗ್ಗುಲು ಬದಲಿಸುವುದು ಎಲ್ಲ ಸಹಾಯಕಿಯರ ಕೈಯಲ್ಲಿ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಅಮ್ಮನಿಗೆ ಎಪ್ಪತ್ತೊಂಬತ್ತು. ಸ್ನಾನದ ಮನೆಯಲ್ಲಿ ಬಿದ್ದು ಸೊಂಟದ ಮೂಳೆ ಮುರಿಯಿತು, ಆಪರೇಷನ್ ಆಯಿತು. ಐದನೆಯ ದಿನ ಆಸ್ಪತ್ರೆಯ ಮಹಿಳೆಯೊಬ್ಬರು ಒಂದು ಪಟ್ಟಿ ಕೊಟ್ಟು, 'ಮೂರಕ್ಕೆ ಗುರುತು ಹಾಕಿ, ನಾಳೆ ಬಿಡುಗಡೆ' ಎಂದರು. ಯಾವುದು ಒಳ್ಳೆಯದು ಎಂದು ಕೇಳಿದರೆ, ತಾನು ಹೇಳುವಂತಿಲ್ಲ, ಸರ್ಕಾರದ 'ಕೇರ್ ಕಂಪೇರ್' ಜಾಲತಾಣ ನೋಡಿ ಎಂದರು. ನೋಡಿದೆ. ಐದು ನಕ್ಷತ್ರ, ಮನೆಯಿಂದ ಹನ್ನೆರಡು ನಿಮಿಷ, ಮೊದಲ 20 ದಿನದ ಖರ್ಚು ಹಿರಿಯರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನದು. ಊರಲ್ಲಿರುವ ಅಣ್ಣನಿಗೆ ಫೋನ್ ಮಾಡಿ 'ಐದು ನಕ್ಷತ್ರದ ಜಾಗ ಸಿಕ್ಕಿದೆ, ಹೋಟೆಲಿನ ಹಾಗಿದೆ' ಎಂದು ಬೀಗಿದೆ. ಆ ಮಾತು ನೆನಪಾದಾಗಲೆಲ್ಲ ತಲೆ ತಗ್ಗಿಸುವಂತಾಗುತ್ತದೆ.

ಹೋಟೆಲಿನ ಹಾಗೆಯೇ ಇತ್ತು. ಮುಂಗಡೆಯ ಹಾಲಿನಲ್ಲಿ ಪಿಯಾನೋ, ಮೀನಿನ ತೊಟ್ಟಿ, ಗೋಡೆಯಲ್ಲಿ ಚೌಕಟ್ಟು ಹಾಕಿದ ಐದು ನಕ್ಷತ್ರ. ಆ ಮೀನಿನ ತೊಟ್ಟಿಯ ಪಕ್ಕ ಕುಳಿತು ನಲವತ್ತು ಪುಟಕ್ಕೆ ಸಹಿ ಹಾಕಿದೆ. ಒಂದು ಕಡೆ ಮಾತ್ರ ಪೆನ್ನು ನಿಂತಿತು: ಏನೇ ತಕರಾರು ಬಂದರೂ ನ್ಯಾಯಾಲಯಕ್ಕೆ ಹೋಗದೆ ಮಧ್ಯಸ್ಥಿಕೆಯಲ್ಲಿ ಬಗೆಹರಿಸಿಕೊಳ್ಳುತ್ತೇನೆ ಎಂಬ ಒಪ್ಪಂದ. 'ಅದು ಮಾಮೂಲಿ, ಎಲ್ಲರೂ ಹಾಕುತ್ತಾರೆ' ಎಂದಳು ಆ ಹುಡುಗಿ, ನಗುನಗುತ್ತಾ. ಹಾಕಿದೆ. ಸೇರಿಸಿಕೊಳ್ಳಲು ಆ ಸಹಿ ಕಡ್ಡಾಯವಲ್ಲ, ಹಾಕಿದ ಮೇಲೂ 30 ದಿನದೊಳಗೆ ಹಿಂತೆಗೆದುಕೊಳ್ಳಬಹುದು ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ಕಾಗದದಲ್ಲಿ ಎಲ್ಲೋ ಇತ್ತು. ನಾನು ಓದಲಿಲ್ಲ.

ದಿನವೂ ಕಚೇರಿ ಮುಗಿಸಿ ಸಂಜೆ ಆರಕ್ಕೆ ಹೋಗುತ್ತಿದ್ದೆ. ಅಮ್ಮ ತಲೆ ಬಾಚಿಸಿಕೊಂಡು ಗಾಲಿಕುರ್ಚಿಯಲ್ಲಿ ಕುಳಿತಿರುತ್ತಿದ್ದಳು. 'ಚೆನ್ನಾಗಿ ನೋಡಿಕೊಳ್ಳುತ್ತಾರಾ?' ಎಂದರೆ 'ಹೂಂ ಕಣೇ' ಎನ್ನುತ್ತಿದ್ದಳು. ಆರು ಗಂಟೆಗೆ ಮಗಳು ಬರುತ್ತಾಳೆ ಎಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಹತ್ತನೆಯ ದಿನ ಶನಿವಾರ. ಹೇಳದೆ ಮಧ್ಯಾಹ್ನ ಹೋದೆ. ಬಾಗಿಲು ತೆಗೆಯುತ್ತಲೇ ಮೂತ್ರದ ವಾಸನೆ. ಅಮ್ಮ ಅಂಗಾತ ಮಲಗಿ ಸೂರು ನೋಡುತ್ತಿದ್ದಳು. ಕರೆಗಂಟೆಯ ವಯರು ಮಂಚದ ಹಿಂದೆ ನೆಲದಲ್ಲಿ ಬಿದ್ದಿತ್ತು. ಎಷ್ಟು ಹೊತ್ತಾಯಿತು ಎಂದು ಕೇಳಿದೆ. 'ತಿಂಡಿ ತಟ್ಟೆ ಎತ್ತಿಕೊಂಡು ಹೋದ ಮೇಲೆ ಯಾರೂ ಬಂದಿಲ್ಲ.' ಅದು ಬೆಳಿಗ್ಗೆ ಎಂಟೂವರೆಯ ಮಾತು. ಯಾಕೆ ಹೇಳಲಿಲ್ಲ ಎಂದು ರೇಗಿದೆ, ನನ್ನ ಮೇಲಿನ ಸಿಟ್ಟನ್ನು ಅವಳ ಮೇಲೆ ಹಾಕಿದೆ. 'ಪಾಪ, ಆ ಹುಡುಗಿ ಒಬ್ಬಳೇ ಕಣೇ, ಹದಿನಾಲ್ಕು ಜನರನ್ನು ನೋಡಬೇಕು' ಎಂದಳು.

ನಾನೇ ಮಗ್ಗುಲು ಹೊರಳಿಸಿದೆ. ಬೆನ್ನು ಮುಗಿಯುವ ಕಡೆ, ಮೂಳೆಯ ಮೇಲೆ, ಹೆಬ್ಬೆರಳು ಊರುವಷ್ಟು ಜಾಗದಲ್ಲಿ ಚರ್ಮ ಕಿತ್ತು ಒಳಗಿನ ಕೆಂಪು ಕಾಣುತ್ತಿತ್ತು. ಸುತ್ತಲೂ ನೇರಳೆ ಕಪ್ಪು. ಹಾಸಿಗೆ ಹುಣ್ಣು. ಯಾರನ್ನಾದರೂ ಕರೆಯೋಣ ಎಂದು ಬಾಗಿಲ ಕಡೆ ತಿರುಗಿದೆ. ಅಲ್ಲಿ, ಬಾಗಿಲ ಹಿಂದೆ, ಒಂದು ಹಾಳೆ ನೇತಾಡುತ್ತಿತ್ತು.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ್ದಕ್ಕೆ ಸಹಿ ಹಾಕುವ ಹಾಳೆ. ಹತ್ತು ಗಂಟೆ, ಎಡ, ಸಹಿ. ಹನ್ನೆರಡು, ಬೆನ್ನು, ಸಹಿ. ಎರಡು, ಬಲ, ಸಹಿ. ಸರಿ, ಸುಳ್ಳು ಬರೆದಿದ್ದಾರೆ ಎಂದುಕೊಂಡೆ. ಆಮೇಲೆ ಕೆಳಗೆ ನೋಡಿದೆ. ನಾಲ್ಕು ಗಂಟೆ, ಎಡ, ಸಹಿ. ಆರು, ಬೆನ್ನು, ಸಹಿ. ಎಂಟು, ಬಲ, ಸಹಿ. ರಾತ್ರಿ ಹತ್ತು, ಎಡ, ಸಹಿ. ಗೋಡೆಯ ಗಡಿಯಾರ ನೋಡಿದೆ. ಮೂರು ಹತ್ತು. ನನ್ನ ಗಡಿಯಾರವನ್ನೂ ನೋಡಿಕೊಂಡೆ, ನನ್ನದೇ ತಪ್ಪಿರಬಹುದು ಎಂದು. ಮೂರು ಹತ್ತು. ಒಂದೇ ಪೆನ್ನು, ಒಂದೇ ಓರೆ, ಒಂದೇ ಉಸಿರಿನಲ್ಲಿ ಹಾಕಿದ ಸಹಿಗಳು. ನನ್ನ ಅಮ್ಮ ರಾತ್ರಿ ಹತ್ತು ಗಂಟೆಗೆ ಎಡಕ್ಕೆ ಹೊರಳಿ ಮಲಗಿಯೂ ಆಗಿತ್ತು, ಮಧ್ಯಾಹ್ನ ಮೂರಕ್ಕೇ. ಇಪ್ಪತ್ತು ವರ್ಷದಿಂದ ಇಂಥದ್ದನ್ನು ಹಿಡಿದೇ ಸಂಬಳ ತೆಗೆದುಕೊಂಡಿದ್ದೇನೆ. ಆ ಹಾಳೆ ಹತ್ತು ದಿನವೂ ಅಲ್ಲಿಯೇ ಇತ್ತು. ನನ್ನ ಕೋಟು ಅದರ ಮೇಲೆಯೇ ನೇತುಹಾಕುತ್ತಿದ್ದೆ.

ಅಳು ಬರುವ ಮೊದಲು ಫೋಟೊ ತೆಗೆದುಕೊಂಡೆ. ಅದೊಂದು ಬುದ್ಧಿ ಕೈಕೊಡಲಿಲ್ಲ. ಸೋಮವಾರ ಹೋದಾಗ ಬಾಗಿಲ ಹಿಂದೆ ಹೊಸ ಹಾಳೆ ಇತ್ತು, ಅಂದಂದಿನ ಹೊತ್ತಿಗೆ ಸರಿಯಾಗಿ ತುಂಬಿದ್ದು.

ಈಗ ಅವರ ಉತ್ತರಗಳನ್ನು ಕೇಳಿ. ಶನಿವಾರದ ನರ್ಸ್: 'ಅದು ದಾಖಲೆ ಅಲ್ಲ, ಯೋಜನೆ.' ಯೋಜನೆಗೆ ಯಾರಾದರೂ ಸಹಿ ಹಾಕುತ್ತಾರೆಯೇ? ಸೋಮವಾರ ನರ್ಸಿಂಗ್ ಮುಖ್ಯಸ್ಥೆ: 'ಈ ವಯಸ್ಸಿನವರ ಚರ್ಮ ಕಾಗದದ ಹಾಗೆ ಇರುತ್ತದೆ.' ಆಮೇಲೆ, 'ಬಹುಶಃ ಆಸ್ಪತ್ರೆಯಿಂದಲೇ ಬಂದದ್ದು.' ಸೇರಿಸಿಕೊಂಡ ದಿನದ ಅವರದೇ ಹಾಳೆ ತೋರಿಸಿದೆ: ಎಲ್ಲೂ ಗಾಯವಿಲ್ಲ ಎಂದು ಬರೆದಿದೆ. ಅದಕ್ಕೂ ಉತ್ತರ ಇತ್ತು. ನಡುವೆ ಕೆಂಪಾಗಿದ್ದರೆ ನಮ್ಮವರಿಗೆ ಕಾಣುತ್ತಿತ್ತು, ಕೆಂಪೇ ಆಗಿರಲಿಲ್ಲ, ಇದ್ದಕ್ಕಿದ್ದಂತೆ ಒಡೆದಿದೆ ಎಂದರು. ನಮ್ಮಂಥ ಕಪ್ಪು ಚರ್ಮದಲ್ಲಿ ಹಾಸಿಗೆ ಹುಣ್ಣಿನ ಮೊದಲ ಹಂತದ ಕೆಂಪು ಕಾಣುವುದೇ ಕಷ್ಟ. ಕೈಯಿಟ್ಟು ನೋಡಬೇಕು, ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ, ನೋಯುತ್ತದೆಯೇ ಎಂದು. ನರ್ಸಿಂಗ್ ಓದಿದವರಿಗೆ ಇದು ಗೊತ್ತಿರಬೇಕಾದ ಪಾಠ. ನಾನು ರಾತ್ರಿ ಕುಳಿತು ಓದಿ ತಿಳಿದುಕೊಂಡೆ.

ಕೊನೆಯದು ಎಲ್ಲಕ್ಕಿಂತ ಚೆಂದ. 'ನಿಮ್ಮ ತಾಯಿ ಮಗ್ಗುಲು ಬದಲಿಸಲು ನಿರಾಕರಿಸಿದ್ದಾರೆ ಎಂದು ದಾಖಲಾಗಿದೆ.' ಯಾವ ಭಾಷೆಯಲ್ಲಿ ನಿರಾಕರಿಸಿದರು ಎಂದು ಕೇಳಿದೆ. ಅಮ್ಮನಿಗೆ ಬರುವ ಇಂಗ್ಲಿಷ್ 'ನೋ ನೋ, ಥ್ಯಾಂಕ್ ಯೂ' ಅಷ್ಟೇ. ಐಸ್ ನೀರು ಬೇಕೇ ಎಂದರೂ ಅದೇ, ಟಿವಿ ಹಾಕಲೇ ಎಂದರೂ ಅದೇ. ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು ಎಂಬುದು ಅಲ್ಲಿರುವವರ ಹಕ್ಕು, ನಿಯಮದಲ್ಲೇ ಇದೆ. ಫೋನಿನಲ್ಲಿ ದುಭಾಷಿ ಸಿಗುತ್ತಾರೆ. ಹತ್ತು ದಿನದಲ್ಲಿ ಒಂದು ಸಲವೂ ಕರೆದಿರಲಿಲ್ಲ. ಆ ಪ್ರಶ್ನೆಗೆ ಮುಖ್ಯಸ್ಥೆ ಹೇಳಿದ್ದು: 'ನಮ್ಮದು ಐದು ನಕ್ಷತ್ರದ ಸಂಸ್ಥೆ.' ಒಂದೇ ಮಾತುಕತೆಯಲ್ಲಿ ಮೂರು ಸಲ ಹೇಳಿದರು. ಎಣಿಸಿದ್ದೇನೆ.

ಹಾಗಾದರೆ ಆ ನಕ್ಷತ್ರ ಎಲ್ಲಿಂದ ಬಂತು? ಸೇರಿಸುವ ಮೊದಲು ಮಾಡಬೇಕಾದ ಕೆಲಸವನ್ನು ಆ ರಾತ್ರಿ ಮಾಡಿದೆ. 2008ರಿಂದ ಇರುವ ಈ ನಕ್ಷತ್ರಗಳ ಲೆಕ್ಕದಲ್ಲಿ ಮೂರು ಭಾಗ: ತಪಾಸಣೆ, ಸಿಬ್ಬಂದಿ, ಗುಣಮಟ್ಟದ ಅಳತೆ. ಹೊರಗಿನವರು ಬಂದು ಕಣ್ಣಾರೆ ನೋಡುವುದು ತಪಾಸಣೆಯಲ್ಲಿ ಮಾತ್ರ. ರಾಜ್ಯದ ತಪಾಸಕರು ಮುನ್ಸೂಚನೆ ಇಲ್ಲದೆ ಬರುತ್ತಾರೆ, ಹೆಚ್ಚೆಂದರೆ 15 ತಿಂಗಳ ಅಂತರದಲ್ಲಿ. ಅದರಲ್ಲಿ ಈ ಸಂಸ್ಥೆಗೆ ಇದ್ದದ್ದು ಮೂರು ನಕ್ಷತ್ರ! ಸಿಬ್ಬಂದಿಯಲ್ಲಿ ಐದು ಬಂದರೆ ಮೇಲೆ ಒಂದು ಸೇರುತ್ತದೆ, ಗುಣಮಟ್ಟದ ಅಳತೆಯಲ್ಲಿ ಐದು ಬಂದರೆ ಇನ್ನೊಂದು. ಮೂರಕ್ಕೆ ಎರಡು ಕೂಡಿ ಐದಾಗಿತ್ತು. ಸಿಬ್ಬಂದಿಯ ಗಂಟೆಗಳಲ್ಲಿ ಕಚೇರಿಯಲ್ಲಿ ಕುಳಿತು ನನಗೆ ಉಪದೇಶ ಮಾಡಿದ ಆ ಮುಖ್ಯಸ್ಥೆಯ ಗಂಟೆಗಳೂ ಸೇರುತ್ತವೆ. ಗುಣಮಟ್ಟದ ಅಳತೆಯ ಬಹುಪಾಲು ಸಂಸ್ಥೆಯವರೇ ತುಂಬಿ ಕಳುಹಿಸುವ ನಮೂನೆಗಳಿಂದ ಬರುತ್ತದೆ, ಎಷ್ಟು ಜನರಿಗೆ ಹಾಸಿಗೆ ಹುಣ್ಣಾಗಿದೆ ಎಂಬುದೂ ಸೇರಿ. ರಾತ್ರಿ ಹತ್ತರ ಸಹಿಯನ್ನು ಮಧ್ಯಾಹ್ನ ಹಾಕುವವರು ತುಂಬಿದ ನಮೂನೆ!

ತಪಾಸಣೆಯ ನಕ್ಷತ್ರವೂ ಇಂತಿಷ್ಟು ಅಂಕ ಬಂದರೆ ಇಂತಿಷ್ಟು ಎಂಬ ಲೆಕ್ಕದ್ದಲ್ಲ. ಆಯಾ ರಾಜ್ಯದೊಳಗಿನ ಸಾಲು ಅದು: ಮೇಲಿನ ಶೇ 10ಕ್ಕೆ ಐದು, ಕೆಳಗಿನ ಶೇ 20ಕ್ಕೆ ಒಂದು. ಇಡೀ ರಾಜ್ಯವೇ ಕೆಟ್ಟಿದ್ದರೂ ಯಾರಿಗೋ ಐದು ಸಿಕ್ಕೇ ಸಿಗುತ್ತದೆ.

ಹೊಟ್ಟೆ ಉರಿದದ್ದು ಇದಕ್ಕಲ್ಲ. ತಪಾಸಣೆಯ ಪೂರ್ತಿ ವರದಿ ಅದೇ ಜಾಲತಾಣದಲ್ಲಿ ಇತ್ತು, ಎರಡು ಸಲ ಒತ್ತಿದರೆ ತೆರೆಯುತ್ತದೆ. ಹದಿಮೂರು ತಿಂಗಳ ಹಿಂದಿನದು. ಏಳನೆಯ ಪುಟದಲ್ಲಿ, ಹೆಸರಿಲ್ಲದ ಒಬ್ಬ ರೋಗಿಯ ವಿಷಯ: ಮಗ್ಗುಲು ಬದಲಿಸಿದ್ದಾಗಿ ಹಾಳೆಯಲ್ಲಿ ಇದೆ, ತಪಾಸಕರು ನಾಲ್ಕು ಗಂಟೆ ನೋಡುತ್ತಾ ಕುಳಿತರೂ ಯಾರೂ ಬರಲಿಲ್ಲ.  ಎಲ್ಲ ಇತ್ತು. ಅದೇ ವರದಿ ಸಂಸ್ಥೆಯಲ್ಲೂ ಎಲ್ಲರ ಕೈಗೆ ಸಿಗುವ ಹಾಗೆ ಇರಬೇಕು ಎಂಬುದು ಕಾನೂನು. ಇತ್ತು ಕೂಡ. ಮೀನಿನ ತೊಟ್ಟಿಯ ಹಿಂದೆ, ಬಿಳಿ ಫೈಲಿನಲ್ಲಿ, ಸಿಬ್ಬಂದಿಗೆ ತರಬೇತಿ ಕೊಟ್ಟಿದ್ದೇವೆ ಎಂಬ ಸಂಸ್ಥೆಯ ಸಮಜಾಯಿಷಿಯ ಜೊತೆ. ನಾನು ಸಹಿ ಹಾಕಿದ ಕುರ್ಚಿಯಿಂದ ಕೈಚಾಚಿದರೆ ಸಿಗುವಷ್ಟು ಹತ್ತಿರ.

ಆದ್ದರಿಂದ ಒಟ್ಟು ನಕ್ಷತ್ರ ಬಿಡಿ, ತಪಾಸಣೆಯ ನಕ್ಷತ್ರ ಮಾತ್ರ ನೋಡಿ, ವರದಿ ತೆರೆದು ಓದಿ. ಪ್ರತಿ ಲೋಪಕ್ಕೂ ಅದು ಎಷ್ಟು ಗಂಭೀರ ಎಂದು ಹೇಳುವ ಒಂದು ಅಕ್ಷರ ಇರುತ್ತದೆ, ಎ ಯಿಂದ ಎಲ್ ವರೆಗೆ. ಜಿ ಅಥವಾ ಅದರಾಚೆ, ಎಂದರೆ ನಿಜವಾದ ಹಾನಿ ಅಥವಾ ಅದಕ್ಕೂ ಗಂಭೀರವಾದದ್ದು, ಕಂಡರೆ ಆ ಕಡೆ ತಲೆ ಹಾಕಬೇಡಿ. ಡಿ ಇದ್ದರೂ ಏನು ಬರೆದಿದೆ ಎಂದು ಓದಿ, ನಮ್ಮದು ಡಿ ಆಗಿತ್ತು. ಸೇರಿಸಿದ ಮೇಲೆ ದಿನಾ ಒಂದೇ ಹೊತ್ತಿಗೆ ಹೋಗಬೇಡಿ. ಶನಿವಾರ ಭಾನುವಾರ ಹೋಗಿ. ಹೊದಿಕೆ ಸರಿಸಿ ಬೆನ್ನು, ಹಿಮ್ಮಡಿ ಮುಟ್ಟಿ ನೋಡಿ, ಅಮ್ಮಂದಿರು ನಾಚಿಕೊಂಡರೂ ಬಿಡಬೇಡಿ. ಮಧ್ಯಸ್ಥಿಕೆಯ ಕಾಗದಕ್ಕೆ ಸಹಿ ಬೇಡವೇ ಬೇಡ.

ಮಂಗಳವಾರವೇ ಅಮ್ಮನನ್ನು ಮನೆಗೆ ಕರೆದುಕೊಂಡು ಬಂದೆ. ಗಾಯ ಮಾಯಲು ಏಳು ವಾರ ಹಿಡಿಯಿತು. ಮಧ್ಯಸ್ಥಿಕೆಯ ಸಹಿಯನ್ನು ಇಪ್ಪತ್ತಾರನೆಯ ದಿನ ಪತ್ರ ಬರೆದು ಹಿಂತೆಗೆದುಕೊಂಡೆ. ರಾಜ್ಯದ ತಪಾಸಣಾ ಇಲಾಖೆಗೆ ದೂರು ಕೊಟ್ಟೆ, ಫೋಟೊ ಸಮೇತ. ಆರು ವಾರ ಬಿಟ್ಟು ಬಂದು ನೋಡಿದರು. ಮೊನ್ನೆ ಪತ್ರ ಬಂತು. ದೂರು ಸಾಬೀತಾಗಿದೆ, ದಾಖಲೆ ಇಡುವುದರಲ್ಲಿ ಲೋಪ ಕಂಡುಬಂದಿದೆ ಎಂದಿದೆ. ಅಕ್ಷರ ಡಿ. ಎಂದರೆ ಆ ಲೋಪದಿಂದ ನಿಜವಾದ ಹಾನಿ ಆಗಿಲ್ಲ. ಸಂಸ್ಥೆ ಸಿಬ್ಬಂದಿಗೆ ಮತ್ತೆ ತರಬೇತಿ ಕೊಡುತ್ತದಂತೆ.

ನಿನ್ನೆ ರಾತ್ರಿ ಜಾಲತಾಣದಲ್ಲಿ ನೋಡಿದೆ. ಐದೂ ಹಾಗೆಯೇ ಇವೆ.