ಮರೆವಿಗೆ ಅಣಬೆ ಕ್ಯಾಪ್ಸೂಲ್: ಜಯನಗರದ ಪಾರ್ಕಿನ ಹೊರಗೆ ನಾನು ಕೊಟ್ಟ 18,600 ರೂಪಾಯಿ

ಜಯನಗರದ ಪಾರ್ಕೊಂದರ ಹೊರಗೆ ಭಾನುವಾರ ಬೆಳಿಗ್ಗೆ ಮೇಜು ಹಾಕಿಕೊಂಡು, ವಾಕಿಂಗ್ ಮುಗಿಸಿ ಬರುವ ಹಿರಿಯರಿಗೆ ಉಚಿತ ಜ್ಞಾಪಕಶಕ್ತಿ ಪರೀಕ್ಷೆ ಮಾಡಿ, ಆಮೇಲೆ ಲಯನ್ಸ್ ಮೇನ್ ಅಣಬೆಯ ಕ್ಯಾಪ್ಸೂಲ್ ಮಾರುವವರ ಬಗ್ಗೆ ಇದನ್ನು ಬರೆಯುತ್ತಿದ್ದೇನೆ. ಹಣ ಕೊಟ್ಟವಳು ನಾನೇ. ಇಪ್ಪತ್ತೆರಡು ವರ್ಷ ಬ್ಯಾಂಕಿನಲ್ಲಿ ಬೇರೆಯವರ ಕಾಗದಪತ್ರಗಳ ಸಣ್ಣ ಅಕ್ಷರಗಳನ್ನು ಓದಿದವಳು ಅಂದು ಡಬ್ಬಿಯ ಸಣ್ಣ ಅಕ್ಷರ ಓದಲಿಲ್ಲ. ಆ ನಾಚಿಕೆ ಇನ್ನೂ ಹೋಗಿಲ್ಲ.

ನನ್ನ ತಾಯಿಗೆ 71 ವರ್ಷ. ಆ ಮನುಷ್ಯ ಅವರಿಗೆ ಐದು ಪದಗಳನ್ನು ಹೇಳಿದ: ತೆಂಗಿನಕಾಯಿ, ರೈಲು, ಹಳದಿ, ಬೀಗ, ನವಿಲು. ಬಳಿಕ ಐದು ನಿಮಿಷ ಅಣಬೆಯ ಮಹಿಮೆ ವಿವರಿಸಿ, ಥಟ್ಟನೆ ತಿರುಗಿ ಆ ಪದಗಳನ್ನು ಹೇಳಿ ಎಂದ. ಅಮ್ಮನಿಗೆ ಎರಡು ನೆನಪಾದವು. ಸುತ್ತ ಎಂಟು ಹತ್ತು ಜನ ನಿಂತಿದ್ದಾಗಲೇ ಆತ ನನ್ನತ್ತ ನೋಡಿ, “ಈಗಲೇ ತಡೆಯದಿದ್ದರೆ ಇನ್ನೆರಡು ವರ್ಷದಲ್ಲಿ ಇವರಿಗೆ ನಿಮ್ಮ ಮುಖವೂ ಗುರುತು ಸಿಗುವುದಿಲ್ಲ ಮೇಡಂ” ಎಂದ. ಅಮ್ಮ ಸೆರಗು ಸರಿಮಾಡಿಕೊಂಡು ತಲೆ ತಗ್ಗಿಸಿದರು. ಆರು ಡಬ್ಬಿ, ಆರು ತಿಂಗಳ ಕೋರ್ಸ್, 18,600 ರೂಪಾಯಿ; ಅಲ್ಲೇ ಫೋನಿನಲ್ಲಿ ಕಳುಹಿಸಿದೆ. ಅಮ್ಮನ ತಲೆ ಮೇಲೇಳಲಿ ಎಂಬುದೊಂದೇ ಆ ಕ್ಷಣ ನನ್ನ ಮನಸ್ಸಿನಲ್ಲಿದ್ದುದು.

ಅವನು ತೋರಿಸಿದ ಲ್ಯಾಮಿನೇಟ್ ಮಾಡಿದ ಹಾಳೆ ಸುಳ್ಳಲ್ಲ, ಅದೇ ಹೆಚ್ಚು ಉರಿಸುತ್ತದೆ. 2009ರಲ್ಲಿ ಪ್ರಕಟವಾದ ಜಪಾನಿನ ಪ್ರಯೋಗ ನಿಜವಾಗಿಯೂ ಇದೆ. ಸ್ವಲ್ಪಮಟ್ಟಿನ ಮರೆವಿದ್ದ 50ರಿಂದ 80 ವರ್ಷದ ಮೂವತ್ತು ಜನರಲ್ಲಿ ಅರ್ಧದಷ್ಟು ಜನರಿಗೆ ಈ ಅಣಬೆಯ ಒಣಪುಡಿಯ ಗುಳಿಗೆಗಳನ್ನು 16 ವಾರ ಕೊಟ್ಟರು, ಉಳಿದವರಿಗೆ ಅಣಬೆಯಿಲ್ಲದ ಗುಳಿಗೆ. ಅಣಬೆ ತಿಂದವರ ಅಂಕಗಳು ಏರಿದವು. ಇಷ್ಟನ್ನು ಅವನು ಹೇಳಿದ. ಗುಳಿಗೆ ನಿಲ್ಲಿಸಿದ ನಾಲ್ಕು ವಾರಕ್ಕೆ ಆ ಅಂಕಗಳು ಮತ್ತೆ ಇಳಿದವೆಂಬುದನ್ನಾಗಲಿ, ಅವರು ದಿನಕ್ಕೆ ಸುಮಾರು 3 ಗ್ರಾಂ ಪುಡಿ ತಿನ್ನುತ್ತಿದ್ದರೆಂಬುದನ್ನಾಗಲಿ ಹೇಳಲಿಲ್ಲ. ಹಾಳೆಯ ಹಿಂಬದಿಯಲ್ಲಿ ಸಿಂಗಪುರದ 2019ರ ಅಧ್ಯಯನವಿತ್ತು: ವಾರಕ್ಕೆ 300 ಗ್ರಾಂಗಿಂತ ಹೆಚ್ಚು ಅಣಬೆ ತಿನ್ನುವ ಹಿರಿಯರಲ್ಲಿ ಮರೆವಿನ ತೊಂದರೆ ಕಡಿಮೆ ಕಂಡಿತೆಂದು. ಆ 663 ಜನರನ್ನು ಕೇಳಿದ್ದು ಊಟದಲ್ಲಿ ತಿಂದ ಅಣಬೆಯ ಬಗ್ಗೆ, ಕ್ಯಾಪ್ಸೂಲಿನ ಬಗ್ಗೆ ಅಲ್ಲ. ಅಣಬೆಯಿಂದಲೇ ಹಾಗಾಯಿತೆಂದು ಆ ಅಧ್ಯಯನ ಸಾಬೀತು ಮಾಡಿಯೂ ಇಲ್ಲ.

ಎರಡನೆಯ ಡಬ್ಬಿ ತೆರೆದ ದಿನ ಕನ್ನಡಕ ಹಾಕಿಕೊಂಡು ಲೇಬಲ್ ಓದಿದೆ. ದಿನಕ್ಕೆ 400 ಮಿಲಿಗ್ರಾಂನ ಎರಡು ಕ್ಯಾಪ್ಸೂಲ್, ಅಂದರೆ ಒಂದು ಗ್ರಾಂ ಕೂಡ ಇಲ್ಲ. ಅದರ ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ “ಅಕ್ಕಿಯ ಮೇಲೆ ಬೆಳೆಸಿದ ಮೈಸೀಲಿಯಂ” ಎಂದಿತ್ತು. ಮೈಸೀಲಿಯಂ ಎಂದರೆ ಅಣಬೆ ಮೂಡುವುದಕ್ಕೆ ಮೊದಲು ಹಬ್ಬುವ ಬಿಳಿ ಎಳೆಗಳು. ಅಕ್ಕಿಯಲ್ಲಿ ಹಬ್ಬಿದ ಎಳೆಗಳನ್ನು ಅಕ್ಕಿಯಿಂದ ಬಿಡಿಸಲಾಗುವುದಿಲ್ಲ, ಎರಡನ್ನೂ ಸೇರಿಸಿಯೇ ಪುಡಿ ಮಾಡುತ್ತಾರೆ. ಪಿಯುಸಿ ಓದುವ ತಂಗಿಯ ಮಗಳು ಕ್ಯಾಪ್ಸೂಲ್ ಬಿಚ್ಚಿ, ಪುಡಿಯನ್ನು ನೀರಿನಲ್ಲಿ ಕದಡಿ, ಪಿಷ್ಟವಿದ್ದರೆ ನೀಲಿಯಾಗಿಸುವ ಅಯೋಡಿನ್ ಹನಿ ಹಾಕಿದಳು. ಕಡುನೀಲಿ, ಹೆಚ್ಚುಕಡಿಮೆ ಕಪ್ಪು. ಪಕ್ಕದ ಲೋಟದಲ್ಲಿ ನಮ್ಮ ಮನೆಯ ಅಕ್ಕಿಹಿಟ್ಟು, ಅದೂ ಅದೇ ಬಣ್ಣ. ಎರಡು ಲೋಟಗಳನ್ನು ನೋಡುತ್ತಾ ಅಡುಗೆಮನೆಯಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಅಕ್ಕಿಹಿಟ್ಟು! ಅಷ್ಟು ಹಣ ಕೊಟ್ಟು ಅಮ್ಮನಿಗೆ ನಾನು ನುಂಗಿಸುತ್ತಿದ್ದುದರಲ್ಲಿ ಎಷ್ಟು ಪಾಲು ಅಕ್ಕಿಹಿಟ್ಟೋ!

ಲೋಟಗಳ ಫೋಟೋ ಕಳುಹಿಸಿ ಮಾರಿದವರನ್ನು ವಾಟ್ಸಾಪ್‌ನಲ್ಲಿ ಕೇಳಿದ್ದಕ್ಕೆ ಮೊದಲು ಬಂದ ಉತ್ತರ: “ಎರಿನಾಸಿನ್ ಎಂಬ ಅಂಶ ಇರುವುದೇ ಮೈಸೀಲಿಯಂನಲ್ಲಿ, ನಿಮಗೆ ವಿಜ್ಞಾನ ತಿಳಿಯದು.” ನೆನಪಿಗೆ ಒಳ್ಳೆಯದೆಂದು ಹೇಳಲಾಗುವ ಆ ಅಂಶ ಮೈಸೀಲಿಯಂನಲ್ಲಿದೆ ಎಂಬುದು ಸರಿಯೇ. ಹಾಗಾದರೆ ಈ ಡಬ್ಬಿಯಲ್ಲಿ ಅದೆಷ್ಟಿದೆ, ಲ್ಯಾಬ್ ವರದಿ ಕೊಡಿ ಎಂದೆ. “ಅದು ಕಂಪನಿಯ ಗುಟ್ಟು.” ತೆರೆಯದ ನಾಲ್ಕು ಡಬ್ಬಿಗಳ ಹಣವನ್ನಾದರೂ ಹಿಂತಿರುಗಿಸಿ ಎಂದೆ. “ಕೋರ್ಸ್ ಒಂದೇ ಬಿಲ್, ಬಿಡಿಬಿಡಿಯಾಗಿ ವಾಪಸ್ ಇಲ್ಲ.” ತಾಯಿಯವರಲ್ಲಿ ಯಾವ ಬದಲಾವಣೆಯೂ ಆಗಿಲ್ಲ ಎಂದು ಬರೆದಾಗ ಬಂದದ್ದು ಇದು: “ಮರೆವಿರುವವರು ಮಾತ್ರೆ ನುಂಗಿದ್ದಾರೆಂದು ಏನು ಗ್ಯಾರಂಟಿ?” ಅದಾದ ಮೇಲೆ ನನ್ನ ನಂಬರನ್ನು ಬ್ಲಾಕ್ ಮಾಡಿದರು. ದಿನವೂ ನಾನೇ ಕೈಯಾರೆ ಕೊಟ್ಟಿದ್ದೇನೆ. ಆ ಸಾಲನ್ನು ಅಮ್ಮನಿಗೆ ಇವತ್ತಿಗೂ ತೋರಿಸಿಲ್ಲ.

ಹಣಕ್ಕಿಂತ ದೊಡ್ಡ ನಷ್ಟ ಆ ಎರಡು ತಿಂಗಳು. “ಡಾಕ್ಟರ ಹತ್ತಿರ ಹೋದರೆ ನಿದ್ದೆ ಮಾತ್ರೆ ಬರೆದುಕೊಡುತ್ತಾರೆ ಅಷ್ಟೇ” ಎಂದು ಅವನು ಹೇಳಿದ್ದನ್ನು ನಂಬಿ ನಾನು ಆಸ್ಪತ್ರೆಯ ಮಾತನ್ನೇ ಎತ್ತಲಿಲ್ಲ. ಕೊನೆಗೆ ಹೋದಾಗ ವೈದ್ಯರು ಮೊದಲು ಬರೆದದ್ದು ಥೈರಾಯ್ಡ್ ಮತ್ತು ಬಿ12 ರಕ್ತಪರೀಕ್ಷೆ. ಬಿ12 ತೀರಾ ಕಡಿಮೆ ಇತ್ತು. ಅದರಿಂದಲೂ ಮರೆವು ಬರುತ್ತದೆ, ಸಸ್ಯಾಹಾರಿಗಳಲ್ಲಿ ಈ ಕೊರತೆ ಸಾಮಾನ್ಯ ಎಂದರು. ಈಗ ಇಂಜೆಕ್ಷನ್ ನಡೆಯುತ್ತಿದೆ.

ಮನೆಯಲ್ಲಿ ಯಾರಿಗಾದರೂ ಮರೆವು ಕಂಡರೆ ಮೊದಲು ರಕ್ತಪರೀಕ್ಷೆ ಮಾಡಿಸಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇಂಥ ಕ್ಯಾಪ್ಸೂಲ್ ಮುಟ್ಟಲೇಬೇಡಿ. ನಾನು ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ಚಾಟ್‌ಗಳನ್ನೆಲ್ಲ ಉಳಿಸಿಕೊಂಡಿದ್ದೇನೆ. ಜಯನಗರದಲ್ಲಿ ಆ ಮೇಜು ಈಗ ಇಲ್ಲ. ಹೋದ ಭಾನುವಾರ ಮಲ್ಲೇಶ್ವರದಲ್ಲಿ ಅದೇ ಹಾಳೆಯನ್ನು ಕಂಡೆನೆಂದು ಗೆಳತಿಯೊಬ್ಬಳು ಹೇಳಿದಳು. ಅಲ್ಲಿಯೂ ಮೊದಲ ಪದ ತೆಂಗಿನಕಾಯಿಯೇ ಅಂತೆ.